ಜಪಾನಿ ರಾಕ್, ಪಶ್ಚಿಮದ ರಾಕ್: ಅಂದುಕೊಂಡಿದ್ದು, ಕೇಳಿ ತಿಳಿದಿದ್ದು

ಬೆಂಗಳೂರಿನ ಅರಮನೆ ಮೈದಾನಕ್ಕೆ 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬಂದಿತ್ತು, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ. ಆ ವರ್ಷಗಳಲ್ಲಿ ರಾಕ್ ಹುಚ್ಚು ಹತ್ತಿಸಿಕೊಂಡ ನಮ್ಮಂಥವರ ತಲೆಯಲ್ಲಿ ಒಂದು ನಕ್ಷೆ ಕೂತುಬಿಟ್ಟಿದೆ. ರಾಕ್ ಹುಟ್ಟುವುದು ಇಂಗ್ಲೆಂಡ್, ಅಮೆರಿಕಗಳಲ್ಲಿ; ಉಳಿದವರು ಕೇಳಿ ಕಲಿಯುವವರು. ನಾನೂ ಬಹಳ ದಿನ ಹಾಗೇ ನಂಬಿದ್ದೆ. ಜಪಾನಿ ಆಲ್ಬಮ್‌ಗಳನ್ನು ಪಶ್ಚಿಮದ ಆಲ್ಬಮ್‌ಗಳ ಪಕ್ಕದಲ್ಲೇ ಇಟ್ಟುಕೊಂಡು ವರ್ಷಗಟ್ಟಲೆ ಕೇಳಿದ ಮೇಲೆ ಆ ನಕ್ಷೆ ಹರಿದುಹೋಯಿತು. ಹೊಸ ಆಲ್ಬಮ್‌ಗಳ ಮಾತು ಬಂದಾಗ ಗೆಳೆಯರು ತಪ್ಪದೆ ಹೇಳುವ ಕೆಲವು ಮಾತುಗಳಿವೆ. ಅವನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ತಪ್ಪು ಕಲ್ಪನೆ: ಜಪಾನಿ ರಾಕ್ ಎಂದರೆ ಪಶ್ಚಿಮದ ಅಚ್ಚುಕಟ್ಟಾದ ನಕಲು.

ವಾಸ್ತವ: 2024ರ ಎರಡು ಆಲ್ಬಮ್‌ಗಳನ್ನು ಒಟ್ಟಿಗೆ ಕೇಳಿ. ಒಂದು ಮೇ ತಿಂಗಳಲ್ಲಿ ಬಂದ, ಅಮೆರಿಕದ ಶೆಲಾಕ್ ತಂಡದ 'ಟು ಆಲ್ ಟ್ರೇನ್ಸ್'. ಇನ್ನೊಂದು ಜೂನ್‌ನಲ್ಲಿ ಬಂದ, ಟೋಕಿಯೊದ ಮೋನೋ ತಂಡದ 'ಓತ್'. ಎರಡೂ ಶಿಕಾಗೊದ ಎಲೆಕ್ಟ್ರಿಕಲ್ ಆಡಿಯೊ ಸ್ಟುಡಿಯೊದಲ್ಲಿ ಧ್ವನಿಮುದ್ರಣಗೊಂಡವು. ಎರಡಕ್ಕೂ ಮೈಕ್ ಇಟ್ಟವರು ಸ್ಟೀವ್ ಅಲ್ಬಿನಿ. ಶೆಲಾಕ್ ಅವರದೇ ತಂಡ. ಆ ವರ್ಷ ಮೇ 7ರಂದು ಅವರು ತೀರಿಕೊಂಡರು. ಹೀಗಾಗಿ ಎರಡು ಆಲ್ಬಮ್‌ಗಳೂ ಅವರಿಲ್ಲದ ಜಗತ್ತಿಗೆ ಬಂದವು.

ಅಲ್ಬಿನಿ ತಮ್ಮನ್ನು ನಿರ್ಮಾಪಕ ಎಂದು ಕರೆಸಿಕೊಳ್ಳಲು ಇಷ್ಟಪಡುತ್ತಿರಲಿಲ್ಲ. ಕೆಲಸಕ್ಕೆ ಕೂಲಿ ತೆಗೆದುಕೊಳ್ಳುತ್ತಿದ್ದರು, ರಾಯಲ್ಟಿ ಬೇಡ ಎನ್ನುತ್ತಿದ್ದರು. ತಂಡ ಕೋಣೆಯಲ್ಲಿ ಹೇಗೆ ನುಡಿಸುತ್ತದೋ ಹಾಗೇ ಟೇಪಿಗೆ ಇಳಿಸುವುದು ಅವರ ರೀತಿ. ಅದೇ ಕಾರಣಕ್ಕೆ ಈ ಜೋಡಿ ಆಲ್ಬಮ್‌ಗಳು ನನಗೆ ಒಂದು ಪರೀಕ್ಷೆಯ ಹಾಗೆ ಕಾಣುತ್ತವೆ. ಸ್ಟುಡಿಯೊ ಒಂದೇ, ಕಿವಿ ಒಂದೇ. ಶೆಲಾಕ್‌ನದು ಅರ್ಧ ಗಂಟೆಗೂ ಕಡಿಮೆ. ಪ್ರತಿ ಹಾಡೂ ಬಡಗಿ ಉಳಿ ಹಿಡಿದು ಕೆತ್ತಿದಷ್ಟು ಚೂಪು, ಒಣಕಲು. ಮೋನೋನದು ಒಂದು ಗಂಟೆಯನ್ನೂ ಮೀರುತ್ತದೆ. ಮಾತಿಲ್ಲ, ಹಾಡುಗಾರರಿಲ್ಲ. ಗಿಟಾರು ಪಿಸುಮಾತಿನಿಂದ ಶುರುವಾಗಿ, ವಾದ್ಯವೃಂದ ಸೇರಿಕೊಂಡು, ಕೊನೆಗೆ ಮನೆಯ ಗೋಡೆಯೇ ತುಂಬಿಕೊಂಡಂತಾಗುತ್ತದೆ. ನಕಲು ಮಾಡುವ ತಂಡವಾಗಿದ್ದರೆ ಆ ಕೋಣೆಯಲ್ಲಿ ಅದು ಶೆಲಾಕ್‌ನ ಹಾಗೆ, ಇಲ್ಲವೇ ಅಲ್ಬಿನಿಯವರೇ ಧ್ವನಿಮುದ್ರಿಸಿದ ನಿರ್ವಾಣದ 'ಇನ್ ಯೂಟೆರೊ' ಹಾಗೆ ಕೇಳಿಸಬೇಕಿತ್ತು. 'ಓತ್' ಕೇಳಿಸುವುದು ಮೋನೋದ ಹಾಗೆ ಮಾತ್ರ. ಆಲ್ಬಮ್ ಸ್ವಲ್ಪ ಉದ್ದವಾಯಿತು, ನಡುವಿನ ಎರಡು ಮೂರು ಹಾಡುಗಳು ಒಂದೇ ಏಣಿಯನ್ನು ಮತ್ತೆ ಮತ್ತೆ ಹತ್ತುತ್ತವೆ ಎಂಬುದು ನನ್ನ ದೂರು. ಆದರೂ ಆ ವರ್ಷ ನಾನು ಅತಿ ಹೆಚ್ಚು ಸಲ ಕೇಳಿದ್ದು ಅದನ್ನೇ.

ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದೂ ಅಲ್ಲ. ನಿರ್ವಾಣ 1991ರಲ್ಲಿ ಬ್ರಿಟನ್ ಪ್ರವಾಸಕ್ಕೆ ಜೊತೆಗೆ ಕರೆದುಕೊಂಡದ್ದು ಒಸಾಕಾದ ಶೋನೆನ್ ನೈಫ್ ತಂಡವನ್ನು. ಡಬ್ಲಿನ್ನಿನ ಫಾಂಟೇನ್ಸ್ ಡಿ.ಸಿ. ತಮ್ಮ 2024ರ 'ರೊಮ್ಯಾನ್ಸ್' ಆಲ್ಬಮ್‌ಗೆ ಜಪಾನಿನ ಒತೊಮೊ ಕತ್ಸುಹಿರೊ ಅವರ 'ಅಕಿರಾ' ಅನಿಮೆ ಪ್ರೇರಣೆ ಎಂದು ಹೇಳಿಕೊಂಡರು. ಜಪಾನಿನ ಕಿಕಾಗಾಕು ಮೋಯೊ ತಂಡದ ಸಿತಾರ್ ವಾದಕ ಕುರೊಸಾವಾ ರ್ಯೂ ಕಲಿತದ್ದು ಕೋಲ್ಕತ್ತದ ಪಂಡಿತ್ ಮಣಿಲಾಲ್ ನಾಗ್ ಅವರ ಬಳಿ. ಆ ತಂಡದ ಕೊನೆಯ ಆಲ್ಬಮ್ 'ಕುಮೊಯೊ ಐಲ್ಯಾಂಡ್' 2022ರದು. ಇದರಲ್ಲಿ ಮೂಲ ಯಾವುದು, ಪ್ರತಿ ಯಾವುದು ಎಂದು ಬೇರ್ಪಡಿಸುವುದು ಯಾರಿಗೂ ಆಗದ ಕೆಲಸ.

ತಪ್ಪು ಕಲ್ಪನೆ: ಜಪಾನಿ ಭಾಷೆ ರಾಕ್‌ಗೆ ಒಗ್ಗುವುದಿಲ್ಲ. ಅರ್ಥವಾಗದ ಹಾಡು ಕೇಳಿ ಏನು ಬಂತು?

ವಾಸ್ತವ: ಮೊದಲನೆಯ ಅನುಮಾನ ಜಪಾನಿಗರದೇ. 1970ರ ಸುಮಾರಿಗೆ ಅಲ್ಲಿನ ಸಂಗೀತ ಪತ್ರಿಕೆಯಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ನಡೆಯಿತು. ರಾಕ್ ಗಾಯಕ ಉಚಿದಾ ಯುಯಾ ಮತ್ತು ಅವರ ಕಡೆಯವರು, ರಾಕ್ ಹಾಡಬೇಕಾದರೆ ಇಂಗ್ಲಿಷಿನಲ್ಲೇ ಹಾಡಬೇಕು, ಜಗತ್ತಿಗೆ ತಲುಪಲು ಅದೇ ದಾರಿ ಎಂದರು. ಹ್ಯಾಪಿ ಎಂಡ್ ಎಂಬ ನಾಲ್ವರ ತಂಡ ಒಪ್ಪಲಿಲ್ಲ. 1971ರಲ್ಲಿ ಅವರು 'ಕಾಜೆಮಾಚಿ ರೋಮನ್' ತಂದರು. 1964ರ ಒಲಿಂಪಿಕ್ಸ್‌ಗೆಂದು ಒಡೆದು ಕಟ್ಟಿದ ಟೋಕಿಯೊ, ಅದಕ್ಕೂ ಮೊದಲು ಹೇಗಿತ್ತು ಎಂಬ ನೆನಪೇ ಅದರ ಜೀವ. ತಂಡದ ಡ್ರಮ್ಮರ್ ಮಾತ್ಸುಮೋತೊ ತಕಾಶಿ ಸಾಹಿತ್ಯ ಬರೆದರು, ಅಪ್ಪಟ ಜಪಾನಿಯಲ್ಲಿ. 2007ರಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆಯ ಜಪಾನಿ ಆವೃತ್ತಿ ದೇಶದ ನೂರು ಶ್ರೇಷ್ಠ ರಾಕ್ ಆಲ್ಬಮ್‌ಗಳನ್ನು ಆರಿಸಿದಾಗ ಮೊದಲ ಸ್ಥಾನ ಅದಕ್ಕೇ ಸಿಕ್ಕಿತು.

ಜಗಳದ ಬೇರು ಭಾಷೆಯ ನಡಿಗೆಯಲ್ಲಿದೆ. ಇದು ಕನ್ನಡಿಗರಿಗೆ ಬಹುಬೇಗ ತಿಳಿಯುವ ವಿಷಯ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಇಂಗ್ಲಿಷ್ ಮಾತು ಒತ್ತಿನ ಮೇಲೆ ನಡೆಯುತ್ತದೆ. ಒತ್ತು ಬಿದ್ದ ಅಕ್ಷರ ಡ್ರಮ್ಮಿನ ಪೆಟ್ಟಿನ ಮೇಲೆ ಕೂರುತ್ತದೆ, ಮಿಕ್ಕವು ಸಂದಿಯಲ್ಲಿ ನುಸುಳಿಕೊಳ್ಳುತ್ತವೆ. ಜಪಾನಿ ಹಾಗಲ್ಲ. ಅದು ನಮ್ಮ ಮಾತ್ರೆಯ ಲೆಕ್ಕದಲ್ಲೇ ನಡೆಯುತ್ತದೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರಕ್ಕೆ ಮೊದಲು ಒಂದು ಹೆಚ್ಚು. 'ನಿಪ್ಪೊನ್' ಎಂಬ ಪದವನ್ನು ಅವರು ನಾಲ್ಕಾಗಿ ಎಣಿಸುತ್ತಾರೆ. ನಮ್ಮ ಛಂದಸ್ಸಿನಲ್ಲಿ ಪ್ರಸ್ತಾರ ಹಾಕಿದರೂ ಎರಡು ಗುರು, ನಾಲ್ಕು ಮಾತ್ರೆ. ರಾಕ್ ಎಂಬುದು ಅವರ ಬಾಯಲ್ಲಿ 'ರೊಕ್ಕು' ಆಗುತ್ತದೆ: ಒಂದು ಗುರು, ಒಂದು ಲಘು, ಮೂರು ಮಾತ್ರೆ. ಇಂಗ್ಲಿಷಿನಲ್ಲಿ ಒಂದೇ ಪೆಟ್ಟಿನಲ್ಲಿ ಮುಗಿಯುವ ಪದ ಇಲ್ಲಿ ಮೂರು ಹೆಜ್ಜೆ ಇಡುತ್ತದೆ. ಮೂರು–ನಾಲ್ಕರ ಭಾಮಿನಿ ಷಟ್ಪದಿ ಓದಿ ಬೆಳೆದ ಕಿವಿಗೆ ಇದೇನೂ ಹೊಸದಲ್ಲ. ಹ್ಯಾಪಿ ಎಂಡ್ ಮಾಡಿದ್ದು ಇಷ್ಟು: ಪದವನ್ನು ಅರ್ಥದ ಜಾಗದಲ್ಲಿ ನಿಲ್ಲಿಸದೆ ರಾಗಕ್ಕೆ ಬೇಕಾದ ಜಾಗದಲ್ಲಿ ಮುರಿದರು, ಸ್ವರಗಳನ್ನು ಎಳೆದರು. ಆಮೇಲೆ ಬಂದವರಿಗೆಲ್ಲ ದಾರಿ ಸಿಕ್ಕಿತು.

ಆ ದಾರಿಯ ಈಚಿನ ತುದಿಯಲ್ಲಿ ಹಿತ್ಸುಜಿಬುಂಗಾಕು ತಂಡ ಇದೆ. ಹೆಸರಿನ ಅರ್ಥ 'ಕುರಿ ಸಾಹಿತ್ಯ'. 2023ರ ಡಿಸೆಂಬರ್‌ನ 'ಟ್ವೆಲ್ವ್ ಹಗ್ಸ್' ಅವರ ಆಲ್ಬಮ್‌ಗಳಲ್ಲಿ ನನಗೆ ಹೆಚ್ಚು ಹತ್ತಿರದ್ದು. ಶಿಯೋತ್ಸುಕಾ ಮೋಯೆಕಾ ಹಾಡುವಾಗ ಕಂಠ ಅವಸರ ಪಡುವುದಿಲ್ಲ. ಒಂದೊಂದು ಮಾತ್ರೆಗೂ ಅದರ ಪಾಲು ಕೊಟ್ಟು ಮುಂದೆ ಹೋಗುತ್ತದೆ, ಕೆಳಗೆ ಗಿಟಾರು ಮಂಜಿನ ಹಾಗೆ ಹರಡಿಕೊಳ್ಳುತ್ತದೆ. ಒಮ್ಮೆ ಬಸ್ಸಿನಲ್ಲಿ ಪಕ್ಕ ಕೂತ ಗೆಳೆಯನಿಗೆ ಇಯರ್‌ಫೋನಿನ ಒಂದು ತುದಿ ಕೊಟ್ಟೆ. "ಅರ್ಥ ಆಗತ್ತೇನೋ ನಿನಗೆ?" ಎಂದು ಕೇಳಿದ. ಕೆಲವು ಪದ ಆಗುತ್ತವೆ, ಹೆಚ್ಚಿನವು ಇಲ್ಲ ಎಂದೆ. ತೆಲುಗು ಬಾರದವರು ತ್ಯಾಗರಾಜರ ಕೃತಿಗೆ ಕಣ್ಣು ಒದ್ದೆ ಮಾಡಿಕೊಳ್ಳುವ ನಾಡು ನಮ್ಮದು. ಅವನೂ ರಾಮನವಮಿಯ ಕಛೇರಿಗಳಿಗೆ ತಪ್ಪದೆ ಹೋಗುವವನೇ. ಎರಡನೆಯ ಹಾಡು ಬಂದಾಗ ಇನ್ನೊಂದು ತುದಿಯನ್ನೂ ತಾನೇ ತೆಗೆದುಕೊಂಡ.

ಭಾಷೆ ತರುವ ವ್ಯತ್ಯಾಸವನ್ನು ನೇರವಾಗಿ ಕೇಳಬೇಕೆಂದರೆ ಇನ್ನೊಂದು ಉದಾಹರಣೆ ಇದೆ. ಒನ್ ಓಕೆ ರಾಕ್ ತಂಡ 2017ರ 'ಆಂಬಿಷನ್ಸ್' ಆಲ್ಬಮ್ಮನ್ನು ಜಪಾನಿಗೊಂದು, ಹೊರದೇಶಗಳಿಗೊಂದು ಎಂದು ಎರಡು ಬಗೆಯಲ್ಲಿ ತಂದಿತು. ಎರಡನ್ನೂ ಕೇಳಿ ನೋಡಿ. ಹೊರದೇಶದ ಇಂಗ್ಲಿಷ್ ಆವೃತ್ತಿ ನುಣುಪಾಗಿದೆ, ಜಪಾನಿ ಬೆರೆತದ್ದರಲ್ಲಿ ಹಲ್ಲಿದೆ.

ತಪ್ಪು ಕಲ್ಪನೆ: ಅನಿಮೆ ಹಾಡುಗಳು ರಾಕ್ ಅಲ್ಲ.

ವಾಸ್ತವ: 'ಬೊಚ್ಚಿ ದ ರಾಕ್!' 2022ರ ಕೊನೆಯಲ್ಲಿ ಬಂದ ಅನಿಮೆ ಸರಣಿ. ನಾಲ್ವರು ಹುಡುಗಿಯರು ಕಟ್ಟುವ ಕೆಸ್ಸೊಕು ಬ್ಯಾಂಡ್‌ನ ಕಥೆ. ಆ ಕಾಲ್ಪನಿಕ ತಂಡದ ಹೆಸರಿನಲ್ಲೇ ಬಂದ ಆಲ್ಬಮ್ ಜಪಾನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದರ ಹಾಡುಗಳಲ್ಲಿ ಕೆಲವನ್ನು ಕಟ್ಟಿಕೊಟ್ಟವರು ಕಾನಾ-ಬೂನ್, ತ್ರಿಕೊ ಎಂಬ ನಿಜವಾದ ತಂಡಗಳ ಹಾಡುಗಾರರು. ನಾಯಕಿಯರ ಮನೆತನದ ಹೆಸರುಗಳು ಗೋತೊ, ಕಿತಾ, ಯಾಮಾದಾ, ಇಜಿಚಿ. ಏಷ್ಯನ್ ಕುಂಗ್-ಫು ಜನರೇಶನ್ ತಂಡದ ನಾಲ್ವರು ಸದಸ್ಯರ ಹೆಸರುಗಳೂ ಅವೇ. ಆಲ್ಬಮ್ ಮುಗಿಯುವುದು ಅದೇ ತಂಡದ ಒಂದು ಹಾಡನ್ನು ಗೌರವದಿಂದ ಮರುಹಾಡಿ. 'ನರುತೊ' ನೋಡಿದವರು ಆ ತಂಡವನ್ನು ಹೆಸರು ತಿಳಿಯದೆಯೇ ಕೇಳಿರುತ್ತಾರೆ. ಗಿಟಾರಿನ ಜೋಡಣೆ, ಬಾಸ್‌ನ ಓಟ ಎಲ್ಲವೂ ಕೆಸ್ಸೊಕು ಬ್ಯಾಂಡ್‌ನ ಆಲ್ಬಮ್‌ನಲ್ಲಿ ಪಕ್ಕಾ. ಕಥೆಯೊಂದು ಅಂಟಿಕೊಂಡಿದೆ ಎಂಬ ಕಾರಣಕ್ಕೆ ಇದನ್ನು ಪಕ್ಕಕ್ಕಿಡುವವರು ಒಳ್ಳೆಯ ಆಲ್ಬಮ್ಮೊಂದನ್ನು ಕಳೆದುಕೊಳ್ಳುತ್ತಾರೆ.

ತಪ್ಪು ಕಲ್ಪನೆ: ಜಪಾನಿ ಹೆಣ್ಣುಮಕ್ಕಳ ತಂಡಗಳೆಂದರೆ ಮುದ್ದುಮುದ್ದು.

ವಾಸ್ತವ: ಕ್ಯೋಟೊದ ಒತೊಬೊಕೆ ಬೀವರ್ ತಂಡದ 'ಸೂಪರ್ ಚಾಂಪೊನ್' ಕೇಳಿ. 2022ರ ಆಲ್ಬಮ್. 18 ಹಾಡುಗಳು, ಒಟ್ಟು ಸುಮಾರು 21 ನಿಮಿಷ. ಬೇರೆ ವಾದ ಬೇಕಿಲ್ಲ.

ತಪ್ಪು ಕಲ್ಪನೆ: ಬೇಬಿಮೆಟಲ್ ಬರೀ ವೇಷ, ಮೆಟಲ್ ಅಲ್ಲ.

ವಾಸ್ತವ: ಈ ಮಾತನ್ನು ಅವರ ಮೊದಲ ಆಲ್ಬಮ್ ಬಂದ 2014ರಿಂದ ಕೇಳುತ್ತಿದ್ದೇನೆ. ಮೂವರು ಹುಡುಗಿಯರು ನರ್ತಿಸುತ್ತ ಹಾಡುವುದು ಕಣ್ಣಿಗೆ ಐಡಲ್ ಗುಂಪಿನ ಹಾಗೆ ಕಾಣುತ್ತದೆ, ನಿಜ. ಕಣ್ಣು ಮುಚ್ಚಿಕೊಂಡರೆ ಹಿಂದೆ ನುಡಿಸುತ್ತಿರುವ ತಂಡದ ಜೋಡಿ ಬಾಸ್ ಡ್ರಮ್ ಎದೆಗೆ ಬಡಿಯುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ 'ಮೆಟಲ್ ಫೋರ್ತ್' ಅಮೆರಿಕದ ಬಿಲ್‌ಬೋರ್ಡ್ 200ರಲ್ಲಿ ಮೊದಲ ಹತ್ತರೊಳಗೆ ಬಂತು. ನಮಗೆ ಹೆಮ್ಮೆ ತರುವ ಸಂಗತಿಯೂ ಅದರಲ್ಲಿದೆ: 'ಕೊನ್! ಕೊನ್!' ಹಾಡಿನಲ್ಲಿ ದೆಹಲಿಯ ಬ್ಲಡಿವುಡ್ ತಂಡ ಜೊತೆಗೂಡಿದೆ. ಅದೇ ವರ್ಷ ಬ್ಲಡಿವುಡ್‌ನ 'ಬೇಖೌಫ್' ಹಾಡಿನಲ್ಲಿ ಬೇಬಿಮೆಟಲ್ ಹಾಡಿತು. ಢೋಲಿನ ಪೆಟ್ಟಿನ ಮೇಲೆ ಜಪಾನಿ ಕಂಠ ಏರಿದಾಗ ಅದು ಅಂಟಿಸಿದ ತೇಪೆಯಂತೆ ಕೇಳಿಸುವುದಿಲ್ಲ, ಎರಡೂ ಒಂದೇ ಜಾತ್ರೆಗೆ ಬಂದವರ ಹಾಗೆ ಇವೆ.

ಆದರೆ ಆಲ್ಬಮ್ ಬಗ್ಗೆ ನನಗೆ ಅಸಮಾಧಾನವೂ ಇದೆ. ಟಾಮ್ ಮೊರೆಲ್ಲೊ, ಪಾಲಿಫಿಯಾ, ಸ್ಪಿರಿಟ್‌ಬಾಕ್ಸ್, ಪಾಪ್ಪಿ ಎಂದು ಅತಿಥಿಗಳ ಸಾಲೇ ಇದೆ. ಬಂದವರೆಲ್ಲ ತಮ್ಮ ತಮ್ಮ ಅಡುಗೆ ತಂದಿದ್ದಾರೆ; ಮನೆಯವರ ಅಡುಗೆ ಮೂಲೆಗೆ ಸರಿದಿದೆ. 2016ರ 'ಮೆಟಲ್ ರೆಸಿಸ್ಟೆನ್ಸ್' ಈಗಲೂ ಅವರ ಗಟ್ಟಿ ಕೆಲಸ.

ತಪ್ಪು ಕಲ್ಪನೆ: ಪಶ್ಚಿಮದಲ್ಲಿ ರಾಕ್ ಮುಗಿಯಿತು. ಹಳಬರು ಹಳೆಯದನ್ನೇ ಅರೆಯುತ್ತಾರೆ.

ವಾಸ್ತವ: ದ ಕ್ಯೂರ್ 2008ರ ನಂತರ 16 ವರ್ಷ ಹೊಸ ಆಲ್ಬಮ್ ತರಲಿಲ್ಲ. 2024ರ ನವೆಂಬರ್ 1ರಂದು 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್' ಬಂತು, ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಎಂಟೇ ಹಾಡು. ಮೊದಲನೆಯದಾದ 'ಅಲೋನ್'ನಲ್ಲಿ ರಾಬರ್ಟ್ ಸ್ಮಿತ್ ಬಾಯಿ ತೆರೆಯುವ ಹೊತ್ತಿಗೆ ಮೂರು ನಿಮಿಷ ದಾಟಿರುತ್ತದೆ. ಮೊದಲ ಹತ್ತು ಸೆಕೆಂಡಿನಲ್ಲಿ ಕೇಳುಗರನ್ನು ಹಿಡಿಯಬೇಕು ಎಂಬ ಈ ಕಾಲದಲ್ಲಿ 65 ವರ್ಷದ ಮನುಷ್ಯ ಅಷ್ಟು ಹೊತ್ತು ಸುಮ್ಮನಿರಬಲ್ಲ ಎಂಬುದೇ ನನಗೆ ದೊಡ್ಡದು. ತೀರಿಹೋದ ಅಣ್ಣನ ಬಗ್ಗೆ ಒಂದು ಹಾಡಿದೆ. ನನ್ನ ದೊಡ್ಡಪ್ಪ ಹೋದ ವರ್ಷವೇ ಅದು ಕೈಗೆ ಬಂದದ್ದರಿಂದ, ಅದರ ಬಗ್ಗೆ ಅಳೆದು ತೂಗಿ ಹೇಳುವ ಶಕ್ತಿ ನನಗಿಲ್ಲ. ಹೊರಗೆ ಮಳೆ ಹಿಡಿದಿತ್ತು, ಹಾಡು ಮುಗಿದ ಮೇಲೂ ಎದ್ದು ಹೋಗಲಾಗದೆ ಕೂತಿದ್ದೆ ಎಂಬುದಷ್ಟು ನೆನಪಿದೆ. ಸ್ಮಿತ್ ಇಲ್ಲಿ ಯೌವನದ ದುಃಖವನ್ನು ಮತ್ತೆ ಅಭಿನಯಿಸುತ್ತಿಲ್ಲ. ವಯಸ್ಸಾದವನ ದುಃಖವನ್ನು ವಯಸ್ಸಾದ ಕಂಠದಲ್ಲೇ ಹಾಡುತ್ತಾರೆ. 1989ರ 'ಡಿಸಿಂಟಿಗ್ರೇಶನ್' ಪಕ್ಕದಲ್ಲಿ ಇದನ್ನು ಇಡಲು ನನಗೆ ಹಿಂಜರಿಕೆಯಿಲ್ಲ.

ಹೊಸಬರೂ ಇದ್ದಾರೆ. 'ರೊಮ್ಯಾನ್ಸ್' ಬಂದಾಗ ಫಾಂಟೇನ್ಸ್ ತಮ್ಮ ಡಬ್ಲಿನ್ನಿನ ಒರಟುತನ ಬಿಟ್ಟುಕೊಟ್ಟರು ಎಂದು ಹಳೆಯ ಅಭಿಮಾನಿಗಳು ಗೊಣಗಿದರು. ನನಗೆ ಹಾಗನ್ನಿಸಲಿಲ್ಲ. ಗಾಬರಿಯಿಂದ ಉಸಿರು ಕಟ್ಟಿದ ಅನುಭವವನ್ನೇ 'ಸ್ಟಾರ್‌ಬರ್ಸ್ಟರ್' ಹಾಡಿನ ತಾಳ ಮಾಡಿಕೊಂಡ ತಂಡ ಯಾವುದನ್ನೂ ಬಿಟ್ಟುಕೊಟ್ಟಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಂದ, ನ್ಯೂಯಾರ್ಕಿನ ಗೀಸ್ ತಂಡದ 'ಗೆಟಿಂಗ್ ಕಿಲ್ಡ್' ಮೊದಲ ಸಲ ಕೇಳಿದಾಗ ಕೈಗೆ ಸಿಗಲಿಲ್ಲ. ನಾಲ್ಕನೆಯ ಸಲಕ್ಕೆ ಹತ್ತಿರ ಬಂತು.

ತಪ್ಪು ಕಲ್ಪನೆ: ಆಲ್ಬಮ್ ಎಂಬುದೇ ಹಳೆಯ ಕಾಲದ್ದು, ಈಗ ಇರುವುದು ಬಿಡಿ ಹಾಡು. ಸಿ.ಡಿ.ಯಲ್ಲಿ ಹೆಚ್ಚುವರಿ ಹಾಡು ಸಿಗುವುದು ಜಪಾನಿ ಅಭಿಮಾನಿಗಳ ಅದೃಷ್ಟ.

ವಾಸ್ತವ: ಹೆಚ್ಚುವರಿ ಹಾಡಿನ ಹಿಂದಿರುವುದು ಬೆಲೆಯ ಲೆಕ್ಕ. ಜಪಾನಿನಲ್ಲಿ ಮಾಡಿದ ಸಿ.ಡಿ.ಗೆ ಕಂಪನಿ ನಿಗದಿ ಮಾಡಿದ ಬೆಲೆಗೇ ಅಂಗಡಿಯವರು ಮಾರಬೇಕೆಂಬ ಪದ್ಧತಿಗೆ ಕಾನೂನಿನ ಒಪ್ಪಿಗೆ ಇದೆ. ಹೀಗಾಗಿ ಅಲ್ಲಿನ ಸಿ.ಡಿ. ದುಬಾರಿ. ಅದೇ ಪಾಶ್ಚಾತ್ಯ ಆಲ್ಬಮ್ ಹೊರಗಿನಿಂದ ತರಿಸಿದರೆ ಅಗ್ಗ. ಜನ ಅಗ್ಗದ್ದನ್ನು ಕೊಂಡುಬಿಡದಿರಲಿ ಎಂದು ಜಪಾನಿ ಆವೃತ್ತಿಗೆ ಒಂದೆರಡು ಹಾಡು ಸೇರಿಸುತ್ತಾರೆ. ಸಿ.ಡಿ. ಅಂಗಡಿಗಳು ಅಲ್ಲಿ ಇನ್ನೂ ಜೀವಂತ. ಅಮೆರಿಕದ ಟವರ್ ರೆಕಾರ್ಡ್ಸ್ 2006ರಲ್ಲಿ ಬಾಗಿಲು ಹಾಕಿತು. ಅದಕ್ಕೂ ಮೊದಲೇ ಬೇರೆಯಾಗಿದ್ದ ಜಪಾನಿನ ಟವರ್‌ನ ಶಿಬುಯಾ ಮಳಿಗೆ ಇಂದಿಗೂ ನಡೆಯುತ್ತಿದೆ.

ಇನ್ನು ಆಲ್ಬಮ್ ಎಂಬ ರೂಪದ ವಿಷಯ. ಜಪಾನಿನ ಗಾಯಕಿ ಶೀನಾ ರಿಂಗೊ ಅವರ 'ಶೋಸೊ ಸ್ಟ್ರಿಪ್' 2000ದ ಆಲ್ಬಮ್. ಅದರ 13 ಹಾಡುಗಳ ಹೆಸರುಗಳನ್ನು ಏಳನೆಯದರ ಎರಡೂ ಬದಿಗೆ ಕನ್ನಡಿಯ ಹಾಗೆ ಜೋಡಿಸಿದ್ದಾರೆ. ಒಟ್ಟು ಅವಧಿ 55 ನಿಮಿಷ 55 ಸೆಕೆಂಡು. ಫಿಶ್‌ಮನ್ಸ್ ತಂಡದ 1996ರ 'ಲಾಂಗ್ ಸೀಸನ್' ಇಡೀ ಆಲ್ಬಮ್ಮೇ 35 ನಿಮಿಷದ ಒಂದು ಹಾಡು. ದ ಕ್ಯೂರ್‌ನ ಎಂಟು ಹಾಡುಗಳ ಕೊನೆಯಲ್ಲಿರುವ 'ಎಂಡ್‌ಸಾಂಗ್' ಹತ್ತು ನಿಮಿಷ ದಾಟುತ್ತದೆ. ಮೊದಲಿನ ಏಳನ್ನು ಕೇಳದೆ ಅದೊಂದನ್ನೇ ಹಾಕಿದರೆ ಅದರ ಭಾರ ಅರ್ಧಕ್ಕಿಳಿಯುತ್ತದೆ. ನನ್ನ ಹತ್ತಿರ ಇರುವ ಜಪಾನಿ ಆವೃತ್ತಿಗಳಲ್ಲಿ ಕೊನೆಯ ಹಾಡು ಮುಗಿದೊಡನೆ ಪ್ಲೇಯರ್ ನಿಲ್ಲಿಸುತ್ತೇನೆ. ಹೆಚ್ಚುವರಿ ಹಾಡನ್ನು ಮಾರನೆಯ ದಿನ, ಬೇರೆಯಾಗಿ ಕೇಳುತ್ತೇನೆ.