ಮೊನೆಯ ಜಿಗಿತ, ತಾಪದ ನಡುಕ

ಒಂದು ವಸ್ತುವನ್ನು ಇನ್ನೊಂದರ ಮೇಲೆ ಜಾರಿಸುವಾಗ ಎದುರಾಗುವ ಘರ್ಷಣೆಯು ಅದನ್ನು ಒತ್ತುವ ಭಾರಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ಗಿಯೋಮ್ ಅಮೊಂತೊನ್ 1699ರಲ್ಲಿ ಮಂಡಿಸಿದರು. ತಾಪಮಾಪಕಗಳನ್ನು ಸುಧಾರಿಸಲು ಬಹುವಾಗಿ ಶ್ರಮಿಸಿದವರೂ ಅವರೇ ಆಗಿದ್ದರೂ ಆ ನಿಯಮದಲ್ಲಿ ತಾಪಕ್ಕೆ ಎಡೆಯಿರಲಿಲ್ಲ.

ಪರಮಾಣುಗಳ ಮಟ್ಟಕ್ಕೆ ಇಳಿದಾಗ ಚಿತ್ರ ಬದಲಾಗುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಐಬಿಎಂ ಪ್ರಯೋಗಾಲಯದಲ್ಲಿ ಮ್ಯಾಥ್ಯೂ ಮೇಟ್ ಮತ್ತು ಸಂಗಡಿಗರು ಟಂಗ್‌ಸ್ಟನ್ ಲೋಹದ ಸೂಜಿಮೊನೆಯೊಂದನ್ನು ಗ್ರಾಫೈಟಿನ ಮೇಲೆ ಎಳೆದಾಗ, ಅದು ನುಣ್ಣಗೆ ಜಾರುವ ಬದಲು ಒಂದೆಡೆ ಸಿಕ್ಕಿ ನಿಂತು, ಎಳೆತ ಸಾಕಷ್ಟು ಹೆಚ್ಚಿದೊಡನೆ ಮುಂದಕ್ಕೆ ಜಿಗಿಯುತ್ತ ಸಾಗಿತು. ಜಿಗಿತದ ಅಂತರವು ಗ್ರಾಫೈಟಿನ ಪರಮಾಣು ಜಾಲದ ಅಂತರವೇ ಆಗಿತ್ತು, ಅಂದರೆ ಸುಮಾರು 0.25 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ಒಂದು ನ್ಯಾನೊಮೀಟರ್).

ಹರಳಿನ ಮೇಲ್ಮೈಯನ್ನು ಅಳಗುಳಿಮಣೆಗೂ ಮೊನೆಯನ್ನು ಅದರ ಗುಳಿಯಲ್ಲಿ ಕುಳಿತ ಹುಣಸೆಬೀಜಕ್ಕೂ ಹೋಲಿಸಬಹುದು. ಮಣೆ ಅಲುಗದಿದ್ದರೆ ಬೀಜವನ್ನು ಗುಳಿಯ ಅಂಚಿನವರೆಗೂ ಎಳೆಯಲೇಬೇಕು. ಮಣೆಯನ್ನು ಅಲುಗಾಡಿಸುತ್ತಿದ್ದರೆ ಅಂಚು ತಲುಪುವ ಮೊದಲೇ ಅದು ಪಕ್ಕದ ಗುಳಿಗೆ ಹಾರೀತು. ಪರಮಾಣುಗಳ ಉಷ್ಣಚಲನೆ, ಅಂದರೆ ತಾಪದಿಂದಾಗುವ ಅವುಗಳ ಎಡೆಬಿಡದ ನಡುಕ, ಇಂಥ ಅಲುಗಾಟವೇ ಆಗಿದ್ದು, ತಾಪ ಏರಿದಷ್ಟೂ ಅದು ಬಲಗೊಂಡು ಘರ್ಷಣೆಯನ್ನು ತಗ್ಗಿಸುತ್ತದೆ. ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ 1928ರಲ್ಲೇ, ಇದನ್ನು ಅಳೆಯುವ ಉಪಕರಣ ಹುಟ್ಟುವ ಎಷ್ಟೋ ಮೊದಲು, ಈ ನಡುಕವನ್ನು ತಮ್ಮ ಲೆಕ್ಕದೊಳಗೆ ತಂದಿದ್ದರೆಂಬುದು ಬೆರಗಿನ ಸಂಗತಿ.

ವೇಗವೂ ಇಲ್ಲಿ ತಾಪದ ಜೊತೆಗೆ ಹೆಣೆದುಕೊಂಡಿದೆ. ನಿಧಾನವಾಗಿ ಎಳೆದರೆ ಮೊನೆಯು ಪ್ರತಿ ಗುಳಿಯಲ್ಲೂ ಹೆಚ್ಚು ಹೊತ್ತು ಇರುವುದರಿಂದ, ನಡುಕದ ನೆರವಿನಿಂದ ಹಾರುವ ಅವಕಾಶಗಳೂ ಹೆಚ್ಚುತ್ತವೆ. 2000ದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಎನ್ರಿಕೊ ನ್ಯೆಕ್ಕೊ ಮತ್ತು ಸಂಗಡಿಗರು ಉಪ್ಪಿನ ಹರಳಿನ ಮೇಲೆ ನಡೆಸಿದ ಅಳತೆಗಳಲ್ಲಿ, ವೇಗ ಹತ್ತು ಪಟ್ಟು ಏರಿದಾಗಲೆಲ್ಲ ಘರ್ಷಣೆಯು ಒಂದೇ ಸಮನಾದ ಮೊತ್ತದಷ್ಟು ಮಾತ್ರ ಏರಿತು. ಎಳೆತ ತೀರಾ ನಿಧಾನವಾಗಿದ್ದು ತಾಪವೂ ಸಾಕಷ್ಟಿದ್ದರೆ ಮೊನೆಯು ಹಿಂದಕ್ಕೂ ಮುಂದಕ್ಕೂ ಹಾರಾಡುತ್ತ, ಎಳೆದ ಕಡೆಗೆ ತುಸು ಹೆಚ್ಚು ಹಾರಿ, ಬಹುಮಟ್ಟಿಗೆ ತಡೆಯಿಲ್ಲದೆ ತೆವಳುತ್ತದೆ. ಎಣ್ಣೆಯ ಕೆಲಸವನ್ನು ತಾಪವೇ ಮಾಡುವ ಈ ಸ್ಥಿತಿಯನ್ನು ಉಷ್ಣಸ್ನೇಹನ ಎನ್ನಬಹುದು.

ಆದರೆ ಎಲ್ಲ ಮೇಲ್ಮೈಗಳೂ ಇಷ್ಟು ವಿಧೇಯವಲ್ಲ. ಸಿಲಿಕಾನ್ ಮೇಲೆ ನಿರ್ವಾತದಲ್ಲಿ ಅಳೆದಾಗ ಘರ್ಷಣೆಯು ಸುಮಾರು 100 ಕೆಲ್ವಿನ್, ಅಂದರೆ ಸೊನ್ನೆಗಿಂತ 173 ಡಿಗ್ರಿ ಸೆಲ್ಸಿಯಸ್ ಕೆಳಗೆ, ಶಿಖರ ಮುಟ್ಟಿ ಅಲ್ಲಿಂದ ಎರಡೂ ಕಡೆಗೆ ಇಳಿಯಿತು. ಮೊನೆಗೂ ಮೇಲ್ಮೈಗೂ ನಡುವೆ ಪುಟ್ಟ ಬಂಧಗಳು ಏರ್ಪಡುವುದಕ್ಕೂ ಕಡಿಯುವುದಕ್ಕೂ ತಾಪ ಬೇಕೆಂದು ಭಾವಿಸಿದರೆ ಇದು ಅರ್ಥವಾಗುತ್ತದೆ: ಕಡುಚಳಿಯಲ್ಲಿ ಬಂಧಗಳೇ ವಿರಳ, ಹೆಚ್ಚು ತಾಪದಲ್ಲಿ ಅವು ಬೇಗ ಕಡಿಯುತ್ತವೆ, ನಡುವಣ ತಾಪದಲ್ಲಿ ಮಾತ್ರ ಸಾಕಷ್ಟು ಬಂಧಗಳು ಕೂಡಿ ಸಾಕಷ್ಟು ಹೊತ್ತು ಹಿಡಿದಿರುತ್ತವೆ.