ಸಮುದಾಯ ಭವನಕ್ಕೆ ಗಾಳಿ ಬರುವ ದಾರಿ

ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋದವರೆಲ್ಲ ಕತ್ತು ಎತ್ತಿ ನೋಡುವುದು ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲವನ್ನು. ಪ್ರವಾಸಿ ಪುಸ್ತಿಕೆಗಳೂ ಅದನ್ನೇ ಹೊಗಳುತ್ತವೆ, ತಪ್ಪಿಲ್ಲ. ಆದರೆ ಕತ್ತು ಇಳಿಸಿ ಸುತ್ತ ಕಣ್ಣಾಡಿಸಿದರೆ ಅಷ್ಟೇ ದೊಡ್ಡ ಇನ್ನೊಂದು ಸಂಗತಿ ಕಾಣುತ್ತದೆ. ಅದರ ಬಗ್ಗೆ ಮಾತಾಡುವವರು ಕಡಿಮೆ. ಆ ಗುಡಿಯ ತೆರೆದ ಮಂಟಪಕ್ಕೆ ಪೂರ್ತಿ ಎತ್ತರದ ಗೋಡೆಗಳೇ ಇಲ್ಲ. ಕಂಬಗಳ ಸಾಲು, ಕಂಬಗಳ ನಡುವೆ ಗಿಡ್ಡ ಅಡ್ಡಗೋಡೆ, ಅದರ ಒಳಬದಿಗೆ ಕೂರಲು ಕಲ್ಲಿನ ಜಗಲಿ, ಬೆನ್ನಿಗೆ ಹೊರಕ್ಕೆ ವಾಲಿದ ಒರಗು. ಶಿಲ್ಪ ಬಲ್ಲವರು ಇದನ್ನು ಕಕ್ಷಾಸನ ಎನ್ನುತ್ತಾರೆ. ಮೇಲೆ ಮುಂದಕ್ಕೆ ಚಾಚಿದ ಸೂರು ನೆತ್ತಿಯ ಬಿಸಿಲನ್ನು ತಡೆಯುತ್ತದೆ. ಗಾಳಿ ಮತ್ತು ಬೆಳಕಿಗೆ ತಡೆಯಿಲ್ಲ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯೊಳಗೆ ಜನ ಅರವತ್ತು ಕಂಬದ ಗುಡಿ ಎನ್ನುವ ನಗರೇಶ್ವರ ಗುಡಿಯ ದೊಡ್ಡ ಮಂಟಪದ್ದೂ ಇದೇ ಬಗೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಅವರ ಸಾಮಂತರಾದ ಹಾನಗಲ್ಲ ಕದಂಬರಂಥವರ ಸೀಮೆಯಲ್ಲಿ, ಹತ್ತಾರು ಜನ ಸೇರುವ ಜಾಗ ಹೀಗಿರಬೇಕು ಎಂಬ ಒಂದು ಖಚಿತ ತಿಳಿವಳಿಕೆ ಇತ್ತು.

ಇದೇ ತಾಲ್ಲೂಕುಗಳಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ಎದ್ದ ಸಮುದಾಯ ಭವನ, ಮಂಗಲ ಕಾರ್ಯಾಲಯ, ಅಂಗನವಾಡಿ, ತಾಲ್ಲೂಕು ಕಚೇರಿಗಳನ್ನು ಇದರ ಪಕ್ಕ ಇಟ್ಟು ನೋಡಿ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಹೊಸ ಜಿಲ್ಲೆಯಾಯಿತು. ಆಮೇಲೆ ಕಟ್ಟಡಗಳಿಗೆ ಬರವಿಲ್ಲ. ಬಹುಪಾಲಿನ ಕತೆ ಒಂದೇ: ಮೊದಲು ಜೆಸಿಬಿ ಬಂದು ನಿವೇಶನ ಸಪಾಟು ಮಾಡುತ್ತದೆ, ಬೇವು ಹುಣಸೆ ಹೊಂಗೆ ಏನಿದ್ದರೂ ಹೋಗುತ್ತವೆ. ಆಮೇಲೆ ಇಲಾಖೆಯ ಮಾದರಿ ನಕಾಶೆಯಂತೆ ಆರ್‌ಸಿಸಿ ಡಬ್ಬಿ ಏಳುತ್ತದೆ, ಅಥವಾ ನಾಲ್ಕು ಗೋಡೆಯ ಮೇಲೆ ಪತ್ರಾಸು ಕೂರುತ್ತದೆ. ಉದ್ಘಾಟನೆಯ ಹಿಂದಿನ ದಿನ ನರ್ಸರಿಯಿಂದ ಕುಂಡಗಳು ಬರುತ್ತವೆ. ನಿಸರ್ಗದ ನಂಟು ಎಂಬುದು ಹೀಗೆ ಕೊನೆಗೆ ಬಳಿಯುವ ಸುಣ್ಣಬಣ್ಣ ಅಲ್ಲ ಎಂಬುದು ನನ್ನ ವಾದ. ಜಾಗ ಗುರುತಿಸುವ ದಿನ, ಕಟ್ಟಡದ ಮುಖ ಯಾವ ದಿಕ್ಕಿಗೆ ಎಂದು ಗೆರೆ ಹಾಕುವ ದಿನ, ಯಾವ ಮರ ಉಳಿಯಬೇಕು ಎಂದು ಹೇಳುವ ದಿನವೇ ಅದು ಇತ್ಯರ್ಥವಾಗಿಬಿಡುತ್ತದೆ. ಆ ದಿನ ತಪ್ಪಿದ್ದನ್ನು ಆಮೇಲೆ ಎಷ್ಟು ಕುಂಡ ಇಟ್ಟರೂ ಸರಿಮಾಡಲಾಗದು.

ಸೂರ್ಯನ ಲೆಕ್ಕದಿಂದಲೇ ಶುರುಮಾಡೋಣ, ಅದರಲ್ಲಿ ಭಾವುಕತೆಗೆ ಜಾಗವಿಲ್ಲ. ಈ ಸೀಮೆಯ ಊರುಗಳು ಸುಮಾರು 14.5ರಿಂದ 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯ ಹೊತ್ತಿಗೆ ಒಮ್ಮೆ, ಆಗಸ್ಟ್ ಎರಡನೇ ವಾರದ ಸುಮಾರಿಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಈ ನಡುವಿನ ತಿಂಗಳುಗಳಲ್ಲಿ ತುಸು ಉತ್ತರಕ್ಕೆ ವಾಲುತ್ತಾನೆ. ಡಿಸೆಂಬರಿನಲ್ಲೂ ಮಧ್ಯಾಹ್ನ ದಕ್ಷಿಣದ ಆಕಾಶದಲ್ಲಿ 50 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಅಂದರೆ ಬೇಸಿಗೆಯ ಅತಿ ಹೆಚ್ಚು ಬಿಸಿಲು ಬೀಳುವುದು ಛಾವಣಿಯ ಮೇಲೆ. ಅದರ ನಂತರ ಬೆಳಗ್ಗೆ ಪೂರ್ವದ ಗೋಡೆ, ಸಂಜೆ ಪಶ್ಚಿಮದ ಗೋಡೆ. ಉತ್ತರ ದಕ್ಷಿಣದ ಗೋಡೆಗಳಿಗೆ ಎರಡು ಅಡಿ ಸಜ್ಜೆ ಹಾಕಿದರೂ ದಿನದ ಬಹುಪಾಲು ನೆರಳು ಸಿಗುತ್ತದೆ. ಪಶ್ಚಿಮಕ್ಕೆ ಸಜ್ಜೆ ಸಾಲದು, ಪಡಸಾಲೆಯೋ ಮರವೋ ಬೇಕು. ಮುಂಗಾರಿನ ಗಾಳಿಮಳೆಯೂ ಪಶ್ಚಿಮ, ನೈರುತ್ಯದಿಂದಲೇ ಬರುವುದರಿಂದ ಅದೇ ಪಡಸಾಲೆ ಎರಡು ಕೆಲಸ ಮಾಡುತ್ತದೆ. ಇಷ್ಟು ತಿಳಿದ ಮೇಲೆ, ಉದ್ದನೆಯ ಗೋಡೆಯನ್ನು ಪಶ್ಚಿಮಕ್ಕೆ ಬರಿದಾಗಿ ಒಡ್ಡಿ, ಮೇಲೆ ಪತ್ರಾಸು ಹಾಸಿ, ಒಳಗೆ ಹತ್ತು ಫ್ಯಾನು ತಿರುಗಿಸುವ ಭವನವನ್ನು ಏನೆಂದು ಕರೆಯಬೇಕು? ಕರೆಂಟು ಹೋದ ಮೇ ತಿಂಗಳ ಮದುವೆಯಲ್ಲಿ ಉಂಡವರೇ ಉತ್ತರ ಹೇಳಲಿ. ಹಾನಗಲ್ಲಿನ ಮಂಟಪದ ಶಿಲ್ಪಿಗಳ ಕೈಯಲ್ಲಿ ಅಕ್ಷಾಂಶದ ಕೋಷ್ಟಕ ಇರಲಿಲ್ಲ. ಭಾರವಾದ ಛಾವಣಿ, ಆಳವಾದ ಸೂರು, ತೆರೆದ ಬದಿಗಳು ಎಂಬ ಅವರ ಉತ್ತರ ಮಾತ್ರ ಈ ಲೆಕ್ಕಕ್ಕೆ ತಪ್ಪದೆ ತಾಳೆಯಾಗುತ್ತದೆ.

ಮರದ ವಿಷಯಕ್ಕೆ ಸವಣೂರಿಗಿಂತ ಒಳ್ಳೆಯ ಸಾಕ್ಷಿ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಅಲ್ಲಿನ ದೊಡ್ಡಹುಣಸೆ ಕಲ್ಮಠದ ಆವರಣದ ಮೂರು ಮರಗಳು ಆಫ್ರಿಕಾ ಮೂಲದ ಬಾವೋಬಾಬ್. ಶತಮಾನಗಳ ಹಿಂದೆ ಯಾರ ಕೈಯಿಂದಲೋ ಇಲ್ಲಿಗೆ ಬಂದು ಬೇರೂರಿದವು. ಕೃಷ್ಣನೇ ತಂದು ನೆಟ್ಟದ್ದೆಂದು ಊರಿನ ನಂಬಿಕೆ. ಮಠದ ಹೆಸರಿನಲ್ಲಿರುವ ದೊಡ್ಡಹುಣಸೆ ಈ ಮರಗಳೇ, ನವಾಬರ ಆಳ್ವಿಕೆ ಬಂದು ಹೋದರೂ ಮರಗಳು ನಿಂತವು. 2023ರ ಜುಲೈ ಮಳೆಯಲ್ಲಿ ಮೂರರಲ್ಲಿ ಒಂದು ಬುಡಸಮೇತ ಉರುಳಿದಾಗ ನಡೆದದ್ದು ಗಮನಿಸತಕ್ಕದ್ದು. ಬೇರೆಡೆ ಆಗಿದ್ದರೆ ಮಾರನೆಯ ದಿನ ಗರಗಸ ಬರುತ್ತಿತ್ತು. ಇಲ್ಲಿ ಮರವನ್ನು ಯಂತ್ರಗಳಿಂದ ಎತ್ತಿ ಮತ್ತೆ ನಿಲ್ಲಿಸುವ ಕೆಲಸ ನಡೆಯಿತು. ಬಿದ್ದದ್ದು ಬರೀ ಕಟ್ಟಿಗೆಯಾಗಿದ್ದರೆ ಅಷ್ಟು ಶ್ರಮಕ್ಕೆ ಯಾರೂ ಮುಂದಾಗುತ್ತಿರಲಿಲ್ಲ. ಆ ಆವರಣದಲ್ಲಿ ಮಠದ ಕಟ್ಟಡಕ್ಕಿರುವಷ್ಟೇ ಸಾರ್ವಜನಿಕ ಮರ್ಯಾದೆ ಮರಕ್ಕೂ ಇತ್ತು. ಜನರಿಗೆ ನಿಸರ್ಗದ ಬಗ್ಗೆ ಕಾಳಜಿ ಇಲ್ಲ ಎಂದು ಅಧಿಕಾರಿಗಳು ಆಗಾಗ ದೂರುವುದುಂಟು. ಸವಣೂರಿನ ಉದಾಹರಣೆ ಬೇರೆಯದನ್ನೇ ಹೇಳುತ್ತದೆ: ಮರಕ್ಕೆ ಹೆಸರು, ಕಟ್ಟೆ, ಕೂರಲು ಜಾಗ, ವರ್ಷಕ್ಕೊಮ್ಮೆ ಸೇರಲು ನೆಪ ಇದ್ದರೆ ಕಾಳಜಿ ತಾನಾಗಿ ಬರುತ್ತದೆ. ಕಾಂಪೌಂಡಿನ ಮೂಲೆಯಲ್ಲಿ ಮುಳ್ಳುತಂತಿ ಸುತ್ತಿ ಅನಾಥವಾಗಿ ನೆಟ್ಟ ಸಸಿಗೆ ಅದು ಬರುವುದಿಲ್ಲ.

ಬಂಕಾಪುರದ ಕೋಟೆ ಇದಕ್ಕೆ ಇನ್ನೊಂದು ಮಗ್ಗುಲು. ಕೋಟೆಯೊಳಗೆ ಪಶುಸಂಗೋಪನಾ ಇಲಾಖೆಯ ದನಗಳ ಸಾಕಣೆ ಕೇಂದ್ರ ನಡೆಯುತ್ತ ಬಂದಿದೆ. ಮೇವಿನ ಬೆಳೆ, ಪೊದೆ, ಹಳೆಯ ಕಂದಕ, ಜನಸಂಚಾರ ಕಡಿಮೆ ಇರುವ ಬಯಲು. ಇವೆಲ್ಲ ಕೂಡಿ ನವಿಲುಗಳಿಗೆ ಒಗ್ಗಿದವು. 2006ರಲ್ಲಿ ಅದು ನವಿಲುಧಾಮವೆಂದು ಘೋಷಣೆಯಾಯಿತು. ಯಾವ ವಾಸ್ತುಶಿಲ್ಪಿಯೂ ಇದನ್ನು ಯೋಜಿಸಲಿಲ್ಲ. ಗುಡಿ, ಸರ್ಕಾರಿ ಕೇಂದ್ರ, ಕಾಡುಹಕ್ಕಿ ಮೂರೂ ಒಂದೇ ಆವರಣದಲ್ಲಿ ಇರಬಲ್ಲವು ಎಂಬುದು ಇದರಿಂದ ತಾನಾಗಿ ರುಜುವಾತಾಯಿತು. ಅದಕ್ಕೆ ಬೇಕಾದದ್ದು ಒಂದೇ, ಜಾಗದ ಪ್ರತಿ ಗೇಣಿಗೂ ಸಿಮೆಂಟು ಹಾಕದಿರುವುದು. ಇಲ್ಲಿಂದ ದೂರವಲ್ಲದ ಗೊಟಗೋಡಿಯಲ್ಲಿ, ಹೆದ್ದಾರಿಯ ಮಗ್ಗುಲಲ್ಲಿ, ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬದುಕಿನ ಚಿತ್ರಗಳು ಆಳೆತ್ತರದ ಶಿಲ್ಪಗಳಾಗಿ ನಿಂತಿವೆ. ಸೊಲಬಕ್ಕನವರ ಕೆಲಸ ದೊಡ್ಡದು. ಆದರೂ ಒಂದು ವ್ಯಂಗ್ಯ ಕಣ್ಣಿಗೆ ಬೀಳದೆ ಇರದು: ಹಳ್ಳಿಯ ಹರಟೆಯ ದೃಶ್ಯಗಳು ಟಿಕೆಟ್ಟಿನ ಉದ್ಯಾನದಲ್ಲಿ ಸಿಮೆಂಟಿನಲ್ಲಿ ಉಳಿದಿವೆ, ಹಳ್ಳಿಯ ನಿಜವಾದ ಕಟ್ಟೆಗಳು ಟೈಲ್ಸ್ ಮತ್ತು ಬ್ಯಾನರಿನ ಅಡಿ ಸೇರುತ್ತಿವೆ.

ಮರ ಕಣ್ಣಿಗೆ ಬೀಳುವುದು ಜನರಿಗೆ ಒಳ್ಳೆಯದು ಎಂಬುದಕ್ಕೆ ಹೊರಗಿನ ಪುರಾವೆಯೂ ಇದೆ, ಅದನ್ನು ಅಳತೆ ಮೀರಿ ಹಿಗ್ಗಿಸಬಾರದಷ್ಟೆ. ಅಮೆರಿಕದ ಸಂಶೋಧಕ ರೋಜರ್ ಉಲ್ರಿಕ್ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಎಲ್ಲರೂ ಎತ್ತಿ ಹೇಳುವಂಥದ್ದು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ದಾಖಲೆಗಳನ್ನು ಆತ ನೋಡಿದ. ಕಿಟಕಿಯಾಚೆ ಮರ ಕಾಣುತ್ತಿದ್ದ 23 ಜನರನ್ನು, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಜನರೊಂದಿಗೆ ಹೋಲಿಸಿದ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಬೇಗ ಮನೆಗೆ ಹೋದರು, ಅವರಿಗೆ ಬೇಕಾದ ಪ್ರಬಲ ನೋವು ನಿವಾರಕಗಳೂ ಕಡಿಮೆ. 46 ಜನರ, ಒಂದೇ ಆಸ್ಪತ್ರೆಯ ಅಧ್ಯಯನದ ಮೇಲೆ ಇಡೀ ಸಿದ್ಧಾಂತ ಕಟ್ಟುವುದು ಸರಿಯಲ್ಲ. ಆದರೆ ನಮ್ಮ ತಾಲ್ಲೂಕು ಆಸ್ಪತ್ರೆಯ ಹಾಸಿಗೆಯಿಂದ ಕಾಣುವುದು ಪಕ್ಕದ ಗೋಡೆಯೋ ಹೊಂಗೆಯೋ ಎಂಬುದು ಕೇಳಬೇಕಾದ ಪ್ರಶ್ನೆ ಎಂಬಷ್ಟನ್ನು ಅದು ಸಾಬೀತು ಮಾಡುತ್ತದೆ, ಮತ್ತು ಆ ಪ್ರಶ್ನೆ ಕೇಳಲು ಕಾಸು ಖರ್ಚಿಲ್ಲ.

ಈಗ ಆಕ್ಷೇಪಗಳು. ಎಲ್ಲಕ್ಕಿಂತ ಗಟ್ಟಿಯಾದದ್ದು ಎಂಜಿನಿಯರುಗಳದ್ದಲ್ಲ, ಇತಿಹಾಸದ್ದು. ನೀವು ಹೊಗಳುವ ತೆರೆದ ಮಂಟಪ, ಕೆರೆಕಟ್ಟೆ, ಅರಳಿಕಟ್ಟೆ ಯಾರಿಗೆ ತೆರೆದಿದ್ದವು ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಕಾಗುತ್ತದೆ. ಗೋಡೆ ಇಲ್ಲದ ಮಂಟಪದ ಸುತ್ತ ಕಣ್ಣಿಗೆ ಕಾಣದ ಗೋಡೆ ಶತಮಾನಗಳ ಕಾಲ ಇತ್ತು. ಕೆರೆಯ ನೀರು ಮುಟ್ಟಲು, ಕಟ್ಟೆಯ ಮೇಲೆ ಕೂರಲು ಜಾತಿ ಅಡ್ಡಬರುತ್ತಿತ್ತು. ಎಲ್ಲ ಕೇರಿಯ ಮಕ್ಕಳೂ ಒಂದೇ ಸೂರಿನಡಿ ಕೂತದ್ದು ಅರಳಿಮರದ ಕೆಳಗಲ್ಲ, ಸರ್ಕಾರಿ ಶಾಲೆಯ ನಾಲ್ಕು ಗೋಡೆಯ ಕೋಣೆಯಲ್ಲಿ. ಆದ್ದರಿಂದ ಹಳೆಯದಕ್ಕೆ ಮರಳಿ ಎಂಬ ಕರೆಯಲ್ಲಿ ನನಗೆ ಆಸಕ್ತಿಯಿಲ್ಲ. ಹಳೆಯದರಿಂದ ಕಲಿಯಬೇಕಾದದ್ದು ಗಾಳಿ, ನೆರಳು, ನೀರಿನ ಜಾಣತನ. ಅದನ್ನು ತಂದು ಕೂರಿಸಬೇಕಾದದ್ದು ಎಲ್ಲರಿಗೂ ಹಕ್ಕಿರುವ ಅಂಗನವಾಡಿ, ಗ್ರಂಥಾಲಯ, ಬಸ್ ನಿಲ್ದಾಣ, ಪಂಚಾಯಿತಿ ಕಟ್ಟೆಯಲ್ಲಿ. ಹೊಸ ಭವನವನ್ನು ಒಂದೊಂದು ಸಮಾಜಕ್ಕೆ ಒಂದೊಂದರಂತೆ, ಬೀಗದ ಕೈ ಒಬ್ಬರ ಹತ್ತಿರ ಇರುವಂತೆ ಕಟ್ಟುತ್ತಿರುವ ಈ ಕಾಲದಲ್ಲಿ, ಬೀಗ ಹಾಕಲಾಗದ ಒಂದು ತೆರೆದ ಪಡಸಾಲೆ ಸಮಾನತೆಯ ದೃಷ್ಟಿಯಿಂದಲೂ ಬೇಕು. ಭವನದ ಬಾಗಿಲು ಮುಚ್ಚಿದ್ದಾಗಲೂ ಸಂತೆಗೆ ಬಂದ ಹೆಣ್ಣುಮಕ್ಕಳು, ಬಸ್ಸಿಗೆ ಕಾಯುವ ಹುಡುಗರು ಕೂರುವ ಜಾಗ ಅದು.

ಎರಡನೆಯದು ಖರ್ಚು. ಗಾಳಿ ಬೆಳಕಿನ ಕಟ್ಟಡ ಎಂದರೆ ದುಬಾರಿ ವಾಸ್ತುಶಿಲ್ಪಿ, ಗಾಜು, ರೆಸಾರ್ಟು ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಬಾಲಕೃಷ್ಣ ದೋಶಿ ವಿನ್ಯಾಸದ ಬೆಂಗಳೂರಿನ ಐಐಎಂ ಆವರಣದಲ್ಲಿ ಕಲ್ಲಿನ ಗೋಡೆಗಳ ನಡುವೆ ಆಕಾಶಕ್ಕೆ ತೆರೆದ ಓಣಿಗಳನ್ನು, ಬಳ್ಳಿ ಹಬ್ಬಿದ ಚಪ್ಪರಗಳನ್ನು ಕಂಡವರಿಗೆ ಅದು ಶ್ರೀಮಂತ ಸಂಸ್ಥೆಯ ಸೊಗಸು ಅನ್ನಿಸಬಹುದು. ಹಾಗೆಂದು ಬಿಟ್ಟುಬಿಡುವಂತಿಲ್ಲ, ಏಕೆಂದರೆ ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ದಶಕಗಳ ಕಾಲ ಮಾಡಿ ತೋರಿಸಿದ್ದು ಇದರ ವಿರುದ್ಧದ್ದನ್ನು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ಆತ ಕಟ್ಟಿದ್ದು ಬಹುಪಾಲು ಸುಟ್ಟ ಇಟ್ಟಿಗೆಯಲ್ಲಿ, ಗಿಲಾವು ಇಲ್ಲದೆ. ಇಟ್ಟಿಗೆಗಳ ನಡುವೆ ಕಂಡಿ ಬಿಟ್ಟು ಕಟ್ಟಿದ ಜಾಲಿಯೇ ಕಿಟಕಿ. ಇದ್ದ ಮರ ಕಡಿಯುವ ಬದಲು ಗೋಡೆಯನ್ನೇ ಬಾಗಿಸುವುದು ಆತನ ರೂಢಿ. ಕಿಟಕಿಯ ಚೌಕಟ್ಟು, ಗಾಜು, ಗಿಲಾವು, ಬಣ್ಣ ಉಳಿದರೆ ಖರ್ಚು ಏರುವುದಕ್ಕಿಂತ ಇಳಿಯುವುದೇ ಹೆಚ್ಚು. ನಮ್ಮಲ್ಲಿ ಅಡ್ಡಿ ದುಡ್ಡಿನದಲ್ಲ, ದರಪಟ್ಟಿಯದು: ಗುತ್ತಿಗೆದಾರರಿಗೆ ಬಿಲ್ಲು ಆಗುವುದು ಘನಮೀಟರ್ ಕಾಂಕ್ರೀಟಿಗೆ, ಚದರ ಮೀಟರ್ ಗಿಲಾವಿಗೆ. ಉಳಿಸಿದ ಮರಕ್ಕೆ, ಬಿಟ್ಟ ಬಯಲಿಗೆ ಕಾಮಗಾರಿಯ ಅಳತೆ ಪುಸ್ತಕದಲ್ಲಿ ಕಾಲಮ್ಮಿಲ್ಲ.

ಕಳ್ಳತನ, ಮಂಗಗಳು, ಸೊಳ್ಳೆ ಎಂಬವು ಹಗುರವಾಗಿ ತಳ್ಳಿಹಾಕುವಂಥವಲ್ಲ. ಹಾನಗಲ್ಲಿನ ಕಡೆ, ಮಲೆನಾಡಿನ ಅಂಚಿನಲ್ಲಿ, ಹಂಚಿನ ಮಾಡಿಗೆ ಮಂಗಗಳ ಕಾಟ ಎಷ್ಟೆಂದು ಬಲ್ಲವರು ಆರ್‌ಸಿಸಿ ಬೇಕೆನ್ನುವುದರಲ್ಲಿ ನ್ಯಾಯವಿದೆ. ಹಾಗಿದ್ದರೆ ಸ್ಲ್ಯಾಬೇ ಇರಲಿ. ಅದರ ಪಶ್ಚಿಮಕ್ಕೆ ಮರ, ಮೇಲ್ಭಾಗದಲ್ಲಿ ಬಿಸಿ ಗಾಳಿ ಹೊರಹೋಗಲು ಜಾಲಿ, ಸುತ್ತ ಪಡಸಾಲೆ ಇಟ್ಟರಾಯಿತು. ದಾಖಲೆ, ಕಂಪ್ಯೂಟರು ಇರುವ ಕೋಣೆಗೆ ಬೀಗ ಬೇಕು, ಸಭೆ ನಡೆಯುವ ಜಾಗಕ್ಕೆ ಬೇಡ. ಎರಡನ್ನೂ ಒಂದೇ ಡಬ್ಬಿಯಲ್ಲಿ ತುಂಬುವುದರಿಂದಲೇ ತೊಂದರೆ. ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ, ಮುಚ್ಚಳವಿಲ್ಲದ ಸಿಂಟೆಕ್ಸಿನಲ್ಲಿ, ಇಳಿಜಾರು ತಪ್ಪಿದ ಚರಂಡಿಯಲ್ಲಿ. ಮರ ಕಡಿದರೆ ಅವು ಒಣಗುವುದಿಲ್ಲ.

ನೀರಿನ ಮಾತು ಬಂದರೆ ಕಟ್ಟಡದ ಗೆರೆ ಊರಿನ ಗೆರೆಯಾಗುತ್ತದೆ. ಹಿರೇಕೆರೂರು ಸೀಮೆಯ ಮಾಸೂರಿನ ಹತ್ತಿರ ಎರಡು ಗುಡ್ಡಗಳ ನಡುವೆ ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆ, ಹಾನಗಲ್ಲಿನ ಆನೆಕೆರೆಗಳ ಹಿಂದೆ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಓದು ಇತ್ತು. ಆ ಓದು ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಎದ್ದ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದವರೆಗೆ ಹೋಗಬೇಕಿಲ್ಲ. ಊರ ಅಂಚಿನ ತಗ್ಗು ಜಾಗ ಪುಕ್ಕಟೆ ಸಿಗುತ್ತದೆಂದು ಅಲ್ಲಿಯೇ ಸರ್ಕಾರಿ ಕಟ್ಟಡ ಕೂರಿಸುವ ಚಾಳಿ ಎಲ್ಲ ತಾಲ್ಲೂಕುಗಳಲ್ಲೂ ಇದೆ. 2019ರ ಆಗಸ್ಟಿನಲ್ಲಿ ವರದಾ, ಧರ್ಮಾ ನದಿಗಳು ಉಕ್ಕಿದಾಗ ಮನೆ ಕಳೆದುಕೊಂಡವರಿಗೆ ಕಾಳಜಿ ಕೇಂದ್ರಗಳಾದದ್ದು ಶಾಲೆ, ಸಮುದಾಯ ಭವನಗಳೇ. ಅಂಥ ಹೊತ್ತಿಗೆ ಎತ್ತರದ ಜಾಗದಲ್ಲಿ, ಗಾಳಿ ಆಡುವ, ಒದ್ದೆ ಬಟ್ಟೆ ಒಣಗಿಸಲು ಪಡಸಾಲೆ ಇರುವ ಭವನಕ್ಕೂ, ಕಿಟಕಿ ತೆರೆಯದ ಡಬ್ಬಿಗೂ ಇರುವ ಅಂತರ ಸೌಂದರ್ಯದ್ದಲ್ಲ, ಆರೋಗ್ಯದ್ದು.

ಇನ್ನು ನಿರ್ವಹಣೆ. ಗಿಡಕ್ಕೆ ನೀರು ಹಾಕುವವರು ಯಾರು, ಉದುರಿದ ಎಲೆ ಗುಡಿಸುವವರು ಯಾರು ಎಂದು ಕೇಳುವವರು ಫ್ಯಾನಿನ ಕರೆಂಟು ಬಿಲ್ಲು ಕಟ್ಟುವವರು ಯಾರು ಎಂದು ಕೇಳುವುದಿಲ್ಲ. ಆದರೂ ಪ್ರಶ್ನೆ ನಿಜವಾದದ್ದೇ. ನರೇಗಾ ಯೋಜನೆಯಲ್ಲಿ ಶಾಲೆಗೆ ಕಾಂಪೌಂಡು, ಮೈದಾನ, ಸಸಿ ನೆಡುವುದು ಎಲ್ಲ ಆಗಿದೆ. ನೆಟ್ಟದ್ದನ್ನು ಮೂರು ಬೇಸಿಗೆ ದಾಟಿಸಲು ಬೇಕಾದ ಖರ್ಚಿನ ಕಡೆ ಮಾತ್ರ ಗಮನ ಕಡಿಮೆ. ಈಗಾಗಲೇ ಮೂರು ಬೇಸಿಗೆ ದಾಟಿ ನಿಂತ ಮರವನ್ನು ಉಳಿಸಿಕೊಂಡರೆ ಆ ಖರ್ಚೇ ಇಲ್ಲ. ಆದ್ದರಿಂದ ಪಂಚಾಯಿತಿ ಸದಸ್ಯರು ಮತ್ತು ಶಾಲಾಭಿವೃದ್ಧಿ ಸಮಿತಿಯವರು ಕ್ರಿಯಾಯೋಜನೆಗೆ ಸಹಿ ಹಾಕುವ ಮೊದಲು ನಕಾಶೆಯ ಮೊದಲ ಹಾಳೆಯಲ್ಲಿ ಮೂರು ಗುರುತುಗಳನ್ನು ಕೇಳಲಿ: ನಿವೇಶನದಲ್ಲಿ ಈಗ ಇರುವ ಮರಗಳು, ಮಳೆನೀರು ಹರಿಯುವ ದಾರಿ, ಪಶ್ಚಿಮ ದಿಕ್ಕು. ಆ ಹಾಳೆ ಬರೆಯಲು ಒಬ್ಬ ಜೂನಿಯರ್ ಎಂಜಿನಿಯರಿಗೆ ಅರ್ಧ ದಿನ ಸಾಕು, ಜೆಸಿಬಿ ಅಲ್ಲಿಯವರೆಗೆ ಕಾಯಬಹುದು.