ಅಗಲ ರಸ್ತೆಯ ಭರವಸೆ, ಪೂರ್ವ ಬೆಂಗಳೂರಿನ ಅಪಾಯ

ಪಾಲಿಕೆ ಚುನಾವಣೆಗೆ ನಿಲ್ಲುವವರ ಕರಪತ್ರಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಪಕ್ಷಗಳ ನಡುವಿನ ಅಂತರ ಬೇಗನೆ ಅಳಿಸಿಹೋಗುತ್ತದೆ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಎಲ್ಲರ ಮೊದಲ ಭರವಸೆ ರಸ್ತೆ: ಅಗಲೀಕರಣ, ಮೇಲ್ಸೇತುವೆ, ವೈಟ್ ಟಾಪಿಂಗ್ ಎಂಬ ಕಾಂಕ್ರೀಟ್ ಹೊದಿಕೆ. ಎರಡನೆಯದು ಬೆಳವಣಿಗೆ: ಹೊಸ ಲೇಔಟ್‌ಗಳಿಗೆ ಖಾತೆ, ಇನ್ನಷ್ಟು ಮಹಡಿಗೆ ಅನುಮತಿ, ಇನ್ನಷ್ಟು ಕಂಪನಿಗಳು. ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಕೂಡುರಸ್ತೆಯಲ್ಲಿ ದಿನಾ ಕಾದು ಸುಸ್ತಾಗುವ ಮತದಾರರು ಅಗಲ ರಸ್ತೆ ಕೇಳುವುದು ಸಹಜ. ಆದರೆ ಈ ಎರಡು ಭರವಸೆಗಳು ಒಟ್ಟಿಗೆ ಈಡೇರಿದರೆ ಏನಾಗುತ್ತದೆ ಎಂಬುದನ್ನು ಅಭ್ಯರ್ಥಿ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಲಭ್ಯವಿರುವ ಪುರಾವೆ ಹೇಳುವುದಿಷ್ಟು: ಈಗಿನ ರೀತಿಯಲ್ಲೇ ರಸ್ತೆ ಅಗಲಿಸುತ್ತ, ಅದರ ಆಸರೆಯಲ್ಲಿ ಕಟ್ಟಡ ಏರಿಸುತ್ತ ಹೋದರೆ ಪೂರ್ವ ಬೆಂಗಳೂರಿನಲ್ಲಿ ವಾಹನಗಳೂ ನಿಲ್ಲುತ್ತವೆ, ಮನೆಗಳಿಗೆ ನೀರೂ ನುಗ್ಗುತ್ತದೆ.

ರಸ್ತೆ ಬೆಳೆದಷ್ಟೂ ವಾಹನ

ವಾಹನ ದಟ್ಟಣೆಯನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಸೂಚ್ಯಂಕದಲ್ಲಿ ಬೆಂಗಳೂರು ಜಗತ್ತಿನ ಮೂರನೆಯ ಅತಿ ನಿಧಾನದ ನಗರ. ಹತ್ತು ಕಿಲೋಮೀಟರ್ ಸಾಗಲು ಇಲ್ಲಿ ಸರಾಸರಿ 34 ನಿಮಿಷ ಹಿಡಿಯಿತು. ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಇದನ್ನು ನೋಡಿದವರಿಗೆ ಮೊದಲು ತೋಚುವ ಪರಿಹಾರ ಇನ್ನಷ್ಟು ರಸ್ತೆ.

ಈ ಪರಿಹಾರವನ್ನು ಅಮೆರಿಕ ಎಲ್ಲರಿಗಿಂತ ಹೆಚ್ಚು ಹಣ ಸುರಿದು ಪರೀಕ್ಷಿಸಿದೆ. ಅಲ್ಲಿನ ಮಹಾನಗರಗಳ ಎರಡು ದಶಕಗಳ ಅಂಕಿಅಂಶಗಳನ್ನು ಅರ್ಥಶಾಸ್ತ್ರಜ್ಞರಾದ ಗಿಲ್ಸ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಪರಿಶೀಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆದ್ದಾರಿಯ ಉದ್ದಗಲ ಎಷ್ಟು ಶೇಕಡಾ ಹೆಚ್ಚಿತೋ, ವಾಹನಗಳ ಒಟ್ಟು ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಶೇಕಡಾ ಹೆಚ್ಚಿತ್ತು. ಕಾರಣ ಸರಳ. ದಾರಿ ಸಲೀಸಾದಾಗ ಬಸ್ಸಿನಲ್ಲಿ ಹೋಗುತ್ತಿದ್ದವರು ಬೈಕು, ಕಾರು ಹಿಡಿಯುತ್ತಾರೆ. ಬೇರೆ ಹೊತ್ತಿನಲ್ಲಿ ಹೊರಡುತ್ತಿದ್ದವರು ಒಂಬತ್ತು ಗಂಟೆಗೇ ಹೊರಡುತ್ತಾರೆ. ಜನ ಇನ್ನೂ ದೂರದಲ್ಲಿ ಮನೆ ಮಾಡುತ್ತಾರೆ. ಹೂಸ್ಟನ್ ನಗರದ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ ಕೆಲವೆಡೆ 26 ಪಥಗಳವರೆಗೆ ಹಿಗ್ಗಿಸಿದರು. 2011ರಿಂದ 2014ರೊಳಗೆ ಅಲ್ಲಿ ಬೆಳಗಿನ ಪ್ರಯಾಣದ ಸಮಯ ಸುಮಾರು 30%, ಸಂಜೆಯದು 55% ಹೆಚ್ಚಾಯಿತು.

ಇಷ್ಟು ದೂರ ಹೋಗಿ ಪುರಾವೆ ಹುಡುಕಬೇಕಾಗಿಯೂ ಇಲ್ಲ. ಹೊರವರ್ತುಲ ರಸ್ತೆಯನ್ನು ಕಟ್ಟಿದ್ದು ಊರಿನೊಳಗಿನ ದಟ್ಟಣೆ ತಪ್ಪಿಸಲು. ಅದರ ಇಕ್ಕೆಲದಲ್ಲಿ ಐ.ಟಿ. ಪಾರ್ಕುಗಳು ಎದ್ದವು, ಆ ರಸ್ತೆಯೇ ನಗರದ ಅತಿ ದಟ್ಟ ರಸ್ತೆಗಳಲ್ಲಿ ಒಂದಾಯಿತು. ಎರಡು ದಶಕಗಳ ಹಿಂದೆ ಕೆ.ಆರ್. ಪುರದ ತೂಗುಸೇತುವೆ ರೈಲು ಹಳಿಯ ಮೇಲಿನ ತೊಡಕನ್ನು ಬಿಡಿಸಿತು. ಇಂದು ಹಳೆ ಮದ್ರಾಸು ರಸ್ತೆ ಮತ್ತು ಹೊರವರ್ತುಲ ರಸ್ತೆಯ ವಾಹನಗಳೆಲ್ಲ ಅದರ ಎರಡೂ ತುದಿಯಲ್ಲಿ ಸಾಲುಗಟ್ಟುತ್ತವೆ.

ಹಾಗೆಂದು ಹೊಸ ರಸ್ತೆಯೇ ಬೇಡ ಎನ್ನಲಾಗದು. ಕೆ.ಆರ್. ಪುರ, ಹೊರಮಾವಿನ ಎಷ್ಟೋ ಲೇಔಟ್‌ಗಳಿಗೆ ಹೊರಬರಲು ಒಂದೇ ದಾರಿಯಿದೆ. ಆಂಬ್ಯುಲೆನ್ಸ್ ಬರಲು, ಬಸ್ ತಿರುಗಲು, ಮಕ್ಕಳು ಶಾಲೆಗೆ ನಡೆದುಹೋಗಲು ಅಲ್ಲಿ ಕೂಡುರಸ್ತೆಗಳು ಬೇಕೇ ಬೇಕು. ಬಿಟ್ಟುಹೋದ ಕೊಂಡಿ ಜೋಡಿಸುವ ರಸ್ತೆ ಬೇರೆ, ಈಗಾಗಲೇ ತುಂಬಿರುವ ರಸ್ತೆಗೆ ಇನ್ನೊಂದು ಪಥ ಸೇರಿಸುವುದು ಬೇರೆ. ಕರಪತ್ರಗಳು ಇವೆರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತವೆ.

ರಸ್ತೆಯ ಅಗಲ, ಕಟ್ಟಡದ ಎತ್ತರ

ಬೆಂಗಳೂರಿನಲ್ಲಿ ರಸ್ತೆ ಅಗಲಿಸುವುದಕ್ಕೆ ಇನ್ನೊಂದು ಪರಿಣಾಮವಿದೆ, ಅದು ಕಾನೂನಿನಲ್ಲೇ ಅಡಗಿದೆ. ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕಕ್ಕೆ ಎಫ್‌ಎಆರ್ ಎನ್ನುತ್ತಾರೆ. 2007ರಲ್ಲಿ ಒಪ್ಪಿಗೆ ಪಡೆದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಮಹಾಯೋಜನೆಯ ಪ್ರಕಾರ ವಸತಿ ಪ್ರದೇಶದಲ್ಲಿ ಇದು ನಿವೇಶನದ ಗಾತ್ರ ಮತ್ತು ಎದುರಿನ ರಸ್ತೆಯ ಅಗಲ ನೋಡಿ 1.75ರಿಂದ 3.25ರವರೆಗೆ ಏರುತ್ತದೆ. ಅಂದರೆ ರಸ್ತೆ ಅಗಲವಾದ ಕೂಡಲೇ ಅದರ ಬದಿಯ ಜಾಗದಲ್ಲಿ ಹೆಚ್ಚು ಕಟ್ಟುವ ಅವಕಾಶ ತೆರೆದುಕೊಳ್ಳುತ್ತದೆ. ಹೊಸ ಮಹಡಿಗಳಿಂದ ಹೊಸ ಕಾರುಗಳು ಅದೇ ರಸ್ತೆಗೆ ಇಳಿಯುತ್ತವೆ. ಅಗಲೀಕರಣದಿಂದ ಸಿಕ್ಕ ಜಾಗವನ್ನು ಅಗಲೀಕರಣವೇ ನುಂಗುತ್ತದೆ.

ಇಂದಿರಾನಗರದಲ್ಲಿ ಇದರ ಇನ್ನೊಂದು ರೂಪ ಕಾಣುತ್ತದೆ. ಮನೆಗಳಿಗಾಗಿ ಬಿಡಿಸಿದ ಬಡಾವಣೆಯ 100 ಅಡಿ ರಸ್ತೆ ಇಂದು ಅಂಗಡಿ, ಹೋಟೆಲು, ಪಬ್ಬುಗಳ ಸಾಲು. ಅಲ್ಲಿ ರಸ್ತೆ ಚಿಕ್ಕದೇನಲ್ಲ. ಸಂಜೆ ಕಾರುಗಳು ಎರಡೂ ಬದಿಯಲ್ಲಿ ನಿಂತಾಗ ಆ ಅಗಲದಿಂದ ಪ್ರಯೋಜನವೇ ಇಲ್ಲ.

ಇದಕ್ಕೆಲ್ಲ ಕಡಿವಾಣ ಹಾಕಬೇಕಾದ ದಾಖಲೆ ಮಹಾಯೋಜನೆ. ನಮ್ಮಲ್ಲಿ ಇರುವುದು 2007ರ ಅದೇ ಯೋಜನೆ, ಅದರ ಅವಧಿ ಇದ್ದದ್ದು 2015ರವರೆಗೆ. 2031ಕ್ಕೆಂದು 2017ರಲ್ಲಿ ಕರಡು ಪ್ರಕಟವಾಗಿ, ಬಳಿಕ ಹಿಂತೆಗೆಯಲಾಯಿತು. 2001ರಿಂದ 2011ರೊಳಗೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 47% ಏರಿತ್ತು. ಅಷ್ಟು ವೇಗದಲ್ಲಿ ಬೆಳೆಯುವ ಊರು ಅವಧಿ ಮುಗಿದ ನಕ್ಷೆ ಹಿಡಿದು ನಡೆಯುತ್ತಿದೆ.

ನೀರಿಗೂ ಬೇಕು ದಾರಿ

ಭೂಮಿಯ ಇಳಿಜಾರು ಬಲ್ಲವರಿಗೆ ಪೂರ್ವ ಬೆಂಗಳೂರಿನ ಪ್ರವಾಹ ಆಶ್ಚರ್ಯದ ವಿಷಯವಲ್ಲ. ಜಯಮಹಲ್ ಕಡೆಯಿಂದ ಹರಿಯುವ ನೀರು ಹಲಸೂರು ಕೆರೆಯ ಮೂಲಕ ಚಲ್ಲಘಟ್ಟ ಕಣಿವೆಗೆ ಇಳಿದು, ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿ ಸೇರುತ್ತದೆ. ಹೆಬ್ಬಾಳ, ನಾಗವಾರದ ನೀರು ಹೊರಮಾವಿನ ಮೇಲಾಗಿ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯತ್ತ ಸಾಗುತ್ತದೆ. ನಗರದ ನಡುವೆ ಸುರಿದ ಮಳೆಯ ದೊಡ್ಡ ಪಾಲು ಪೂರ್ವದವರ ಬಾಗಿಲಿಗೇ ಬರಬೇಕು.

ಅಲ್ಲಿ ಈಗ ಏನಾಗಿದೆ ಎಂಬುದಕ್ಕೆ ಒಂದು ಲೆಕ್ಕ ಸಾಕು. ಒಂದು ಹೆಕ್ಟೇರ್ ಜಾಗದ ಮೇಲೆ 100 ಮಿ.ಮೀ. ಮಳೆಯಾದರೆ ಬೀಳುವ ನೀರು 10 ಲಕ್ಷ ಲೀಟರ್. ತೋಟ, ಹುಲ್ಲುಗಾವಲಾದರೆ ಸಾಮಾನ್ಯವಾಗಿ ಅದರಲ್ಲಿ ಎರಡು-ಮೂರು ಲಕ್ಷ ಲೀಟರ್ ಹೊರಗೆ ಹರಿಯುತ್ತದೆ, ಉಳಿದದ್ದು ನೆಲಕ್ಕಿಳಿಯುತ್ತದೆ. ಅದೇ ಜಾಗ ಕಾಂಕ್ರೀಟ್, ಡಾಂಬರಾದರೆ ಎಂಟು-ಒಂಬತ್ತು ಲಕ್ಷ ಲೀಟರ್ ಹರಿಯುತ್ತದೆ, ಅದೂ ಕೆಲವೇ ನಿಮಿಷಗಳಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳಿಂದ ಕಂಡುಕೊಂಡಂತೆ, 1973ರಿಂದೀಚಿನ ನಾಲ್ಕು ದಶಕಗಳಲ್ಲಿ ನಗರದ ಕಟ್ಟಡ ಪ್ರದೇಶ ಸುಮಾರು ಹತ್ತು ಪಟ್ಟಾಯಿತು, ಹಸಿರು 88%, ಜಲಪ್ರದೇಶ 79% ಕುಗ್ಗಿತು. ಹರಿಯುವ ನೀರು ಹೆಚ್ಚಿತು, ಅದನ್ನು ತಡೆದು ಹಿಡಿಯುವ ಕೆರೆ ಕಡಿಮೆಯಾಯಿತು, ಸಾಗಿಸುವ ರಾಜಕಾಲುವೆ ಒತ್ತುವರಿಯಿಂದ ಕಿರಿದಾಯಿತು.

2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಯಲ್ಲಿ ನಗರದಲ್ಲಿ 130 ಮಿ.ಮೀ.ಗೂ ಹೆಚ್ಚು ಮಳೆ ಸುರಿಯಿತು. ಮಹದೇವಪುರ ಭಾಗದ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಕರೆತರಬೇಕಾಯಿತು. ಅದಕ್ಕೆ ಕೆಲವು ದಿನ ಮುಂಚೆ, ಆಗಸ್ಟ್ 30ರ ಮಳೆಯಿಂದ ಒಂದೇ ದಿನಕ್ಕೆ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಬರೆದಿತ್ತು. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮತ್ತೆ ಮುಳುಗಿತು. ಅಲ್ಲಿ ರಾಜಕಾಲುವೆ ರೈಲು ಹಳಿಯ ಕೆಳಗೆ ಹಾಯುವ ಕಂಡಿ ಇಕ್ಕಟ್ಟು. ಮೇಲಿನಿಂದ ಬಂದ ನೀರು ಕಂಡಿಯಲ್ಲಿ ತಡೆದು ಹಿಂದಕ್ಕೆ, ಮನೆಗಳತ್ತ ಏರುತ್ತದೆ.

ಅಭ್ಯರ್ಥಿಯ ರಸ್ತೆ ಇಲ್ಲಿ ನೇರವಾಗಿ ಹಾನಿ ಮಾಡುತ್ತದೆ. ಹಳೆಯ ಪದರ ಕೆರೆದು ತೆಗೆಯದೆ ಡಾಂಬರಿನ ಮೇಲೆ ಡಾಂಬರು ಹಾಕಿದಾಗ, ಅಥವಾ ಮಟ್ಟ ನೋಡದೆ ಕಾಂಕ್ರೀಟ್ ಹಾಸಿದಾಗ ರಸ್ತೆ ಎತ್ತರವಾಗಿ ಮನೆ ತಗ್ಗಾಗುತ್ತದೆ. ಪಕ್ಕದ ಮಣ್ಣು ಮುಚ್ಚಿಹೋಗುತ್ತದೆ. ಮೋರಿ ಮಾತ್ರ ಹಳೆಯ ಅಳತೆಯಲ್ಲೇ ಉಳಿಯುತ್ತದೆ. ಹವಾಮಾನ ಬಿಸಿಯಾದಂತೆ ಗಾಳಿ ಹಿಡಿದಿಡುವ ತೇವ ಹೆಚ್ಚುತ್ತದೆ: ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 7%. ಹೀಗಾಗಿ ಬಿರುಸು ಮಳೆ ಇನ್ನೂ ಬಿರುಸಾಗಲಿದೆ. ಹಳೆಯ ಮಳೆಗೇ ಸಾಲದ ಕಾಲುವೆಗೆ ಹೊಸ ಮಳೆ ಬರುವ ಹೊತ್ತಿನಲ್ಲಿ ನಾವು ಅದಕ್ಕೇ ಇನ್ನಷ್ಟು ನೀರು ಕಳಿಸುವ ಕೆಲಸಕ್ಕೆ ಹಣ ಕೊಡುತ್ತಿದ್ದೇವೆ.

ಹಂಚಿಹೋದ ಹೊಣೆ

ಇದಕ್ಕೆಲ್ಲ ಹೊಣೆ ಯಾರೆಂದು ತಿಳಿಯಲು ಪಾಲಿಕೆಯ ಚರಿತ್ರೆ ನೋಡಬೇಕು. 1949ರಲ್ಲಿ ದಂಡು ಪ್ರದೇಶದ ಮತ್ತು ಪೇಟೆಯ ಪುರಸಭೆಗಳು ಕೂಡಿ ಒಂದು ಪಾಲಿಕೆಯಾದವು. 2007ರಲ್ಲಿ ಕೆ.ಆರ್. ಪುರ, ಮಹದೇವಪುರದಂಥ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಲಾಯಿತು. ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ಮನೆಗಳು ಮೊದಲು ಬಂದವು, ನೀರು ಹದಿನೇಳು ವರ್ಷ ತಡವಾಗಿ ಬಂತು. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಕೈಚಾಚಿದವರಲ್ಲಿ ಪೂರ್ವದವರು ಮುಂದಿದ್ದರು.

2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಾದವು. ಶಿವಾಜಿನಗರ, ಹಲಸೂರು, ಇಂದಿರಾನಗರ ಕೇಂದ್ರ ಪಾಲಿಕೆಗೆ, ಕೆ.ಆರ್. ಪುರ ಪೂರ್ವ ಪಾಲಿಕೆಗೆ ಸೇರಿದವು. ಕೇಂದ್ರದಲ್ಲಿ 63, ಪೂರ್ವದಲ್ಲಿ 50 ವಾರ್ಡ್‌ಗಳು. ಹಳೆ ಮದ್ರಾಸು ರಸ್ತೆಗೂ ಹಲಸೂರಿನ ನೀರಿಗೂ ಈ ಗಡಿ ಗೊತ್ತಿಲ್ಲ. ಮೇಲಿನ ಪಾಲಿಕೆ ಕಾಲುವೆಗೆ ಕಾಂಕ್ರೀಟ್ ಹೊದಿಸಿ ನೀರನ್ನು ಬೇಗ ಸಾಗಹಾಕಿದರೆ ಕೆಳಗಿನ ಪಾಲಿಕೆ ಮುಳುಗುತ್ತದೆ. ಇಡೀ ನಗರಕ್ಕೆ ಯೋಜನೆ ಮಾಡಲು ಸಂವಿಧಾನದ 74ನೇ ತಿದ್ದುಪಡಿ ಮಹಾನಗರ ಯೋಜನಾ ಸಮಿತಿಯನ್ನು ವಿಧಿಸಿದೆ. ಇಲ್ಲಿ ಅದಕ್ಕೆ ಜೀವ ಬರಲೇ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಪಾಲಿಕೆಯ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ವಾರ್ಡಿನ ಜನರಿಗೆ ಕೇಳಲು ಒಬ್ಬ ಸದಸ್ಯನೂ ಇರಲಿಲ್ಲ. ದೊಡ್ಡ ನಿರ್ಧಾರಗಳು ಆ ಅವಧಿಯಲ್ಲೇ ಆದವು.

ಎಷ್ಟು ಜನರನ್ನು ಸಾಗಿಸುತ್ತೀರಿ?

ಅಂಥ ನಿರ್ಧಾರಗಳಲ್ಲೊಂದು ಸುರಂಗ ರಸ್ತೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಉದ್ದದ ಈ ರಸ್ತೆಗೆ ಸುಮಾರು 17,700 ಕೋಟಿ ರೂಪಾಯಿ ಅಂದಾಜು ಮಾಡಲಾಗಿತ್ತು. ಕೆ.ಆರ್. ಪುರದಿಂದ ನಾಯಂಡಹಳ್ಳಿಗೆ ಇನ್ನೊಂದು ಸುರಂಗದ ಪ್ರಸ್ತಾವವಿದೆ. ಇಂಥ ಯೋಜನೆಯನ್ನು ತೂಗಲು ಒಂದೇ ಪ್ರಶ್ನೆ ಸಾಕು: ಗಂಟೆಗೆ ಎಷ್ಟು ಜನ? ಒಂದು ಪಥದಲ್ಲಿ ಗಂಟೆಗೆ ಹೆಚ್ಚೆಂದರೆ 2,000 ಕಾರು ಹೋಗಬಹುದು. ಕಾರಿಗೆ ಒಂದೂವರೆ ಜನ ಎಂದುಕೊಂಡರೆ ಮೂರು ಪಥದಲ್ಲಿ 9,000 ಜನ. ಆರು ಬೋಗಿಯ ಮೆಟ್ರೊದಲ್ಲಿ ಸುಮಾರು 2,000 ಜನ ಹಿಡಿಯುತ್ತಾರೆ. ನಾಲ್ಕು ನಿಮಿಷಕ್ಕೊಂದು ರೈಲು ಬಂದರೆ ಗಂಟೆಗೆ 30,000.

ಮೆಟ್ರೊ ಬಂದರೆ ರಸ್ತೆ ಖಾಲಿಯಾಗುತ್ತದೆ ಎಂದೂ ನಂಬಬೇಕಿಲ್ಲ. ಡುರಾಂಟನ್ ಮತ್ತು ಟರ್ನರ್ ಅವರ ಅಧ್ಯಯನವೇ ಹೇಳುವಂತೆ ಸಾರ್ವಜನಿಕ ಸಾರಿಗೆ ಹೆಚ್ಚಿಸಿದ ಮಾತ್ರಕ್ಕೆ ವಾಹನ ಓಡಾಟ ತಗ್ಗುವುದಿಲ್ಲ. 2023ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಮುಟ್ಟಿತು, ಟಿನ್ ಫ್ಯಾಕ್ಟರಿ ಹಾಗೇ ಇದೆ. ಮೆಟ್ರೊ ಕೊಡುವುದು ದಟ್ಟಣೆಯಿಂದ ಪಾರಾಗುವ ದಾರಿ. ರಸ್ತೆಯ ದಟ್ಟಣೆ ತಗ್ಗಬೇಕಾದರೆ ಇರುವ ರಸ್ತೆಯನ್ನೇ ಬೇರೆ ರೀತಿ ಹಂಚಬೇಕು: ಬಸ್ಸಿಗೆ ಪ್ರತ್ಯೇಕ ಪಥ, ಪಾರ್ಕಿಂಗಿಗೆ ಶುಲ್ಕ, ನಿಲ್ದಾಣದವರೆಗೆ ನಡೆಯಬಲ್ಲ ಕಾಲುದಾರಿ. 2019ರಲ್ಲಿ ಕೆ.ಆರ್. ಪುರದಿಂದ ಸಿಲ್ಕ್ ಬೋರ್ಡ್‌ವರೆಗೆ ಬಸ್ ಆದ್ಯತಾ ಪಥ ಮಾಡಿದಾಗ ಬಸ್ಸುಗಳ ಪ್ರಯಾಣದ ಸಮಯ ಇಳಿದಿತ್ತು. ಮೆಟ್ರೊ ಕಾಮಗಾರಿಯ ನಡುವೆ ಆ ಪಥ ಮರೆಯಾಯಿತು. ಅದನ್ನು ಮರಳಿ ತರುತ್ತೇನೆಂಬ ಭರವಸೆ ಕರಪತ್ರಗಳಲ್ಲಿ ಕಾಣುವುದಿಲ್ಲ.

ಮತ ಕೇಳಲು ಬಂದವರಿಗೆ

ಪಾಲಿಕೆ ಸದಸ್ಯರು ಸುರಂಗ ನಿಲ್ಲಿಸಲಾರರು, ಮೆಟ್ರೊ ಓಡಿಸಲಾರರು. ಆದರೆ ವಾರ್ಡಿನ ರಸ್ತೆ, ಮೋರಿ, ಕಾಲುದಾರಿಗಳ ಕಾಮಗಾರಿ ಅವರ ಕಣ್ಣಳತೆಯಲ್ಲೇ ನಡೆಯುತ್ತದೆ. ಹಾಗಾಗಿ ಅವರಿಂದ ಪಡೆಯಬೇಕಾದ ಮಾತು ಸ್ಪಷ್ಟವಾಗಿರಲಿ. ರಸ್ತೆ ಕಾಮಗಾರಿಗೆ ಮುನ್ನ ಮೋರಿಯ ಅಳತೆ ಮತ್ತು ರಸ್ತೆಯ ಮಟ್ಟವನ್ನು ವಾರ್ಡ್ ಸಮಿತಿಯ ಮುಂದಿಡಬೇಕು. ಹಳೆಯ ಡಾಂಬರು ಕೆರೆಯದೆ ಹೊಸದು ಹಾಕಿದರೆ ಬಿಲ್ಲಿಗೆ ಸಹಿಯಾಗಬಾರದು. ಅಗಲೀಕರಣ ಕೇಳುವವರು ಬಸ್ ಪಥಕ್ಕೂ ಕಾಲುದಾರಿಗೂ ಎಷ್ಟು ಜಾಗವೆಂದು ಬರೆದುಕೊಡಬೇಕು. ನೀರು, ಒಳಚರಂಡಿ, ಬಸ್ಸು ಇಲ್ಲದ ಕಡೆ ಹೆಚ್ಚುವರಿ ಮಹಡಿಗೆ ಒಪ್ಪಿಗೆ ಸಿಗದಂತೆ ಪಾಲಿಕೆ ಸಭೆಯಲ್ಲಿ ದನಿ ಎತ್ತಬೇಕು. ಕೇಂದ್ರ ಮತ್ತು ಪೂರ್ವ ಪಾಲಿಕೆಗಳು ಒಂದೇ ಕಣಿವೆಗೆ ಒಂದೇ ಕಾಲುವೆ ಯೋಜನೆ ಮಾಡಲೇಬೇಕೆಂದು ಹಟ ಹಿಡಿಯಬೇಕು.

ಪೂರ್ವದಲ್ಲಿ ಇನ್ನೂ ಕಟ್ಟದ ಜಾಗ ಉಳಿದಿದೆ, ತೆರವು ಮಾಡಬಹುದಾದ ರಾಜಕಾಲುವೆ ಉಳಿದಿದೆ. ಒಮ್ಮೆ ಅವುಗಳ ಮೇಲೆ ಅಪಾರ್ಟ್‌ಮೆಂಟ್ ಎದ್ದರೆ ಯಾವ ಪಾಲಿಕೆಯೂ ಅದನ್ನು ಸುಲಭವಾಗಿ ಕೆಡವಲಾರದು. ಇನ್ನು ಐದು ವರ್ಷದಲ್ಲಿ ಈ 50 ವಾರ್ಡ್‌ಗಳಲ್ಲಿ ಮಂಜೂರಾಗುವ ನಕ್ಷೆಗಳು ಮುಂದಿನ ಐವತ್ತು ವರ್ಷದ ಪ್ರವಾಹವನ್ನೂ ದಟ್ಟಣೆಯನ್ನೂ ನಿರ್ಧರಿಸುತ್ತವೆ. ಬರಿಯ ರಸ್ತೆ ಕೊಡುತ್ತೇನೆ ಎನ್ನುವವರಿಗೆ ನೀರು ಎಲ್ಲಿಗೆ ಹೋಗಬೇಕು, ಜನ ಹೇಗೆ ಹೋಗಬೇಕು ಎಂದು ಕೇಳಿ. ಎರಡಕ್ಕೂ ಉತ್ತರವಿಲ್ಲದವರಿಗೆ ಮತ ಕೊಡಬೇಡಿ.